ದ್ವೀಪಕ್ಕೆ ಬಂದವರಿಗೆ ಊಟ ಎಲ್ಲಿ?

ದ್ವೀಪಕ್ಕೆ ರಜೆಗೆ ಹೋಗುವುದೆಂದರೆ ಈಗ ಮಾಲ್ಡೀವ್ಸ್, ಬಾಲಿ, ಅಂಡಮಾನ್. ವಿಮಾನದ ಟಿಕೆಟು, ನೀಲಿ ಸಮುದ್ರ, ತೆಂಗಿನ ಮರದ ಕೆಳಗೊಂದು ಫೋಟೊ. ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಅಷ್ಟು ದೂರದ ಹಂಗಿಲ್ಲ. ಪಾಂಡವಪುರ ದಾಟಿ ದಕ್ಷಿಣಕ್ಕೆ ಹೋದರೆ ಕಾವೇರಿಯ ಸೇತುವೆ, ಸೇತುವೆ ದಾಟಿದರೆ ದ್ವೀಪ. ಸುತ್ತಲಿನವರ ಬಾಯಲ್ಲಿ ಅದು ಬರೀ ‘ಪಟ್ಣ’. ಪಶ್ಚಿಮದಲ್ಲಿ ನದಿ ಎರಡಾಗಿ ಕವಲೊಡೆದು, ಸುಮಾರು ಐದು ಕಿಲೊಮೀಟರ್ ಹರಿದು, ಪೂರ್ವದ ಸಂಗಮದಲ್ಲಿ ಮತ್ತೆ ಒಂದಾಗುವ ನಡುವಿನ ನೆಲ ಶ್ರೀರಂಗಪಟ್ಟಣ. ಉತ್ತರ ಅಕ್ಷಾಂಶ ಹನ್ನೆರಡೂವರೆ ಡಿಗ್ರಿಯ ಆಸುಪಾಸು. ಕೆರಿಬಿಯನ್ ಸಮುದ್ರದ ಬಾರ್ಬಡೋಸ್ ಇದಕ್ಕಿಂತ ಒಂದಿಷ್ಟು ಉತ್ತರಕ್ಕೇ ಇದೆ. ಹಾಗಾಗಿ ಪಟ್ಣವೂ ಅಪ್ಪಟ ಉಷ್ಣವಲಯದ ದ್ವೀಪ. ಉಪ್ಪುನೀರು ಮಾತ್ರ ಇಲ್ಲ, ಉಪ್ಸಾರು ಇದೆ.

ಆದರೆ ಆ ಉಪ್ಸಾರು ಪ್ರವಾಸಿಗನ ತಟ್ಟೆಗೆ ಬರುವುದಿಲ್ಲ.

ಶ್ರೀರಂಗಪಟ್ಟಣಕ್ಕೆ ಬರುವವರ ದಿನಚರಿ ಬಹುಪಾಲು ಒಂದೇ. ಬೆಳಿಗ್ಗೆ ರಂಗನಾಥನ ದರ್ಶನ, ಆಮೇಲೆ ದರಿಯಾ ದೌಲತ್, ಗುಂಬಜ್, ಸಂಗಮ, ಗಂಜಾಂನ ನಿಮಿಷಾಂಬ, ರಂಗನತಿಟ್ಟಿನ ದೋಣಿ, ಸಂಜೆಗೆ ಕೆಆರ್‌ಎಸ್‌ನ ಬೃಂದಾವನ. ಈ ಓಟದಲ್ಲಿ ಊಟಕ್ಕೆ ಸಿಗುವುದು ಮುಕ್ಕಾಲು ಗಂಟೆ. ಕಾರು ನಿಲ್ಲಿಸಲು ಜಾಗವಿದ್ದು, ಶೌಚಾಲಯ ಚೆನ್ನಾಗಿರುವ ಹೋಟೆಲು ಕಂಡರೆ ಮುಗಿಯಿತು. ಅಂಥ ಹೋಟೆಲಿನ ಬೋರ್ಡಿನಲ್ಲಿ ಮೂರು ಮಾತು ತಪ್ಪದೆ ಇರುತ್ತವೆ: ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್. ಒಳಗೆ ಮಸಾಲೆ ದೋಸೆ, ಪನೀರ್ ಬಟರ್ ಮಸಾಲ, ಗೋಬಿ ಮಂಚೂರಿ. ಇದೇ ಪಟ್ಟಿ ಊಟಿಯಲ್ಲೂ ಉಂಟು, ಹಂಪಿಯ ದಾರಿಯಲ್ಲೂ ಉಂಟು. ಅಡುಗೆ ಕೆಟ್ಟದ್ದೆಂದಲ್ಲ. ಅದಕ್ಕೆ ಊರೆಂಬುದೇ ಇಲ್ಲ, ಅಷ್ಟೆ. ಗೋಬಿ ಮಂಚೂರಿಯ ಕೆಂಪಿನ ವಿಷಯವಂತೂ 2024ರ ಮಾರ್ಚ್‌ನಲ್ಲಿ ಸರ್ಕಾರದವರೆಗೂ ಹೋಯಿತು. ಅದಕ್ಕೆ ಕೃತಕ ಬಣ್ಣ ಹಾಕಕೂಡದೆಂದು ರಾಜ್ಯದ ಆರೋಗ್ಯ ಇಲಾಖೆ ಆಗ ನಿಷೇಧ ಹೊರಡಿಸಿತು.

ಮಾಲ್ಡೀವ್ಸಿನ ರೆಸಾರ್ಟಿನವರು ತರಕಾರಿಯಿಂದ ಅಕ್ಕಿಯವರೆಗೆ ಬಹುತೇಕ ಎಲ್ಲವನ್ನೂ ಹಡಗಿನಲ್ಲೋ ವಿಮಾನದಲ್ಲೋ ತರಿಸಿಕೊಳ್ಳಬೇಕು. ಅವರ ನೆಲದ ಪಾಲು ತೆಂಗಿನಕಾಯಿ ಮತ್ತು ಟ್ಯೂನಾ ಮೀನು. ಆ ಅನಿವಾರ್ಯ ಪಟ್ಣಕ್ಕಿಲ್ಲ. ಇಲ್ಲಿ ಕಿಟಕಿಯಿಂದ ಕಾಣುವುದೇ ಭತ್ತದ ಗದ್ದೆ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ಬಂಗಾರದೊಡ್ಡಿ ನಾಲೆ ನದಿಯ ಕವಲೊಂದನ್ನು ಮೇಲುಗಾಲುವೆಯಲ್ಲಿ ದಾಟಿ ದ್ವೀಪಕ್ಕೆ ನೀರು ತರುತ್ತದೆ. ನದಿಯ ನಡುವಿನ ಊರಿಗೆ ನದಿಯ ಮೇಲೆಯೇ ಕಾಲುವೆ ಹಾಯಿಸಿದ ಜನ ಅವರು. ಆಚೆ ದಡದಲ್ಲಿ ಕಬ್ಬು, ಮೇಲ್ದಿಣ್ಣೆಯಲ್ಲಿ ರಾಗಿ, ಹುರುಳಿ, ಅವರೆ. ಗಂಜಾಂ ಅಂಜೂರಕ್ಕೆ ಹೆಸರಾದ ಊರು. ಇಷ್ಟನ್ನು ಸುತ್ತ ಇಟ್ಟುಕೊಂಡು ಪನೀರ್ ಬಡಿಸುವುದಕ್ಕೆ ಹಳೇ ಮೈಸೂರಿನಲ್ಲಿ ಒಂದು ಮಾತಿದೆ, ಮುದ್ರಣಕ್ಕೆ ಸಲ್ಲದು.

ದ್ವೀಪದಲ್ಲಿ ಊಟ ಸಿಗದೆ ಹಿಂದಿರುಗಿದವರ ಪಟ್ಟಿ ಹಳೆಯದು. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಅರಕೆರೆಯ ಬಳಿ ಟಿಪ್ಪುವಿನ ಸೇನೆಯೊಡನೆ ಕಾದಾಡಿ ಪಟ್ಟಣದ ಹೊಸ್ತಿಲಿಗೇ ಬಂದಿದ್ದ. ಆದರೆ ಫಿರಂಗಿ ಎಳೆಯುವ ಎತ್ತುಗಳು ಸತ್ತವು, ದವಸ ಮುಗಿಯಿತು, ಮಳೆ ಹಿಡಿಯಿತು. ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗುವ ದಾರಿಯಲ್ಲಿ ಅವನಿಗೆ ಮರಾಠರ ದಂಡು ಎದುರಾಯಿತು. ಆ ದಂಡಿನ ಬಜಾರಿನಲ್ಲಿ ದುಡ್ಡು ಕೊಟ್ಟರೆ ಸಿಗದ ವಸ್ತುವಿರಲಿಲ್ಲ. ಹಸಿದ ಸಿಪಾಯಿಗಳು ಉಂಡದ್ದು ಅಲ್ಲಿ, ದುಬಾರಿ ಬೆಲೆಗೆ. ಆ ಮರಾಠರಿಗೆ ಈ ಸೀಮೆ ಹೊಸದಲ್ಲ. ಇಪ್ಪತ್ತು ವರ್ಷ ಹಿಂದೆ, 1771ರಲ್ಲಿ, ಹೈದರನನ್ನು ಅವರು ಸೋಲಿಸಿದ್ದು ಇದೇ ಚಿನಕುರಳಿಯಲ್ಲಿ. ದ್ವೀಪಕ್ಕೆ ಬಂದವನು ಊಟವನ್ನು ದ್ವೀಪದ ಹೊರಗೆ ಹುಡುಕಬೇಕೆಂಬ ಪಾಠ ಅಂದಿನದೇ ಎನ್ನಬಹುದು.

ಅಡುಗೆಮನೆಗಳು ದ್ವೀಪ ಬಿಟ್ಟುಹೋದದ್ದಕ್ಕೆ ಕಾರಣವೂ ಇತಿಹಾಸದಲ್ಲಿದೆ. ಟಿಪ್ಪುವಿನ ಕಾಲದಲ್ಲಿ ಈ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದರೆಂದು ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕನನ್ ಅಂದಾಜು ಮಾಡಿದ್ದ. 1799ರ ಮೇ 4ರಂದು ಕೋಟೆ ಬಿತ್ತು, ರಾಜಧಾನಿ ಮೈಸೂರಿಗೆ ಹೋಯಿತು. ಉಳಿದಿದ್ದ ಬ್ರಿಟಿಷ್ ಪಡೆಯನ್ನು ಚಳಿಜ್ವರ ಬೆಂಗಳೂರಿಗೆ ಓಡಿಸಿತು. ಅರಮನೆ, ದಂಡು, ಪೇಟೆ ಮೂರೂ ಹೋದ ಊರಿನಲ್ಲಿ ಬಾಣಸಿಗ ಉಳಿಯುವುದು ಯಾರಿಗಾಗಿ? ಅಲ್ಲಿಂದಾಚೆಗೆ ಪಟ್ಣದ ಹೋಟೆಲುಗಳು ಬದುಕಿದ್ದು ಬೆಂಗಳೂರು–ಮೈಸೂರು ರಸ್ತೆಯಲ್ಲಿ ಹಾದುಹೋಗುವವರ ಮೇಲೆ. 2023ರ ಮಾರ್ಚ್ 12ರಂದು ಹೊಸ ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸಿನಲ್ಲಿ ಬಳಸಿ ಕಾರುಗಳು ಗಣಂಗೂರಿನ ಟೋಲಿನಲ್ಲಿ ದುಡ್ಡು ಕಟ್ಟಿ ಮೈಸೂರಿಗೆ ಹಾರಿದವು. ಹಳೇ ರಸ್ತೆಯ ತಿಂಡಿಯವರ ಗಿರಾಕಿ ಕಡಿಮೆಯಾದರು. ಇದು ನಷ್ಟವೇ ಸರಿ. ಆದರೆ ಹಾದುಹೋಗುವವರು ಹೋದ ಮೇಲೆ ಯಾವ ಹೋಟೆಲಿನಲ್ಲಿ ಇನ್ನೂ ಎಲೆ ಬೀಳುತ್ತಿದೆಯೋ ಅದು ಊರಿನವರ ಹೋಟೆಲು ಎಂದು ಗುರುತಿಸುವುದು ಈಗ ಸುಲಭ.

ಹಾಗಾದರೆ ಎಲ್ಲಿ ಉಣ್ಣಬೇಕು? ತಾಲ್ಲೂಕು ಕಚೇರಿಗೆ ಪಹಣಿಗೆಂದು ಬಂದವರು, ಕೋರ್ಟಿನ ವಾಯಿದೆಗೆ ಬಂದವರು, ಆಸ್ಪತ್ರೆಗೆ ಬಂದವರು ಎಲ್ಲಿ ಉಣ್ಣುತ್ತಾರೋ ಅಲ್ಲಿ. ಶ್ರೀರಂಗಪಟ್ಟಣವಾಗಲಿ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲವಾಗಲಿ, ತಾಲ್ಲೂಕು ಕೇಂದ್ರದಲ್ಲಿ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿ ಮುದ್ದೆ ಹಾಕುವ ಮೆಸ್ ಒಂದಾದರೂ ಇರುತ್ತದೆ. ಅಲ್ಲಿ ಮೆನು ಕಾರ್ಡ್ ಇಲ್ಲ. ‘ಏನಣ್ಣ ಸಾರು ಇವತ್ತು?’ ಎಂದರೆ ‘ಬಸ್ಸಾರು, ಹಿಟ್ಟು ಹಾಕ್ಲಾ?’ ಎಂಬ ಉತ್ತರ. ಇಲ್ಲಿಯವರಿಗೆ ಮುದ್ದೆಯೆಂದರೆ ಹಿಟ್ಟು. ಸೊಪ್ಪು-ಕಾಳು ಬಸಿದ ನೀರಿಗೆ ಕಾರ ರುಬ್ಬಿ ಹಾಕಿದ್ದು ಬಸ್ಸಾರು, ಬಸಿದ ಸೊಪ್ಪು-ಕಾಳು ಪಲ್ಯ. ಬಸಿದ ನೀರನ್ನು ಉಪ್ಪು ಬೆರೆಸಿ ಹಾಗೇ ಬಿಟ್ಟು, ಕಾರವನ್ನು ತಟ್ಟೆಯಂಚಿಗೆ ಬೇರೆ ಇಟ್ಟರೆ ಉಪ್ಸಾರು. ಒಂದೇ ಪಾತ್ರೆಯಿಂದ ಸಾರೂ ಪಲ್ಯವೂ ಹುಟ್ಟುವ ಈ ಲೆಕ್ಕಾಚಾರ ಸೌದೆಯನ್ನೂ ಉಳಿಸುತ್ತದೆ, ಸೊಪ್ಪಿನ ಸತ್ವವನ್ನೂ ಚೆಲ್ಲುವುದಿಲ್ಲ. ಮಾಗಿಯಲ್ಲಿ ಬಂದವರಿಗೆ ಅವರೆಯ ಇದುಕುಬೇಳೆ ಸಾರು. ಆ ಒಂದು ಸಾರಿಗಾಗಿ ಡಿಸೆಂಬರಿನ ಪ್ರವಾಸವನ್ನು ಮಾಲ್ಡೀವ್ಸಿನಿಂದ ಮಂಡ್ಯಕ್ಕೆ ಬದಲಿಸಬಹುದು.

ಮುದ್ದೆಯನ್ನು ಅಗಿಯಬಾರದು. ಬಿಸಿ ಇರುವಾಗಲೇ ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಬೇಕು. ಚಮಚ ಕೇಳಿದವರಿಗೆ ಚಮಚ ಸಿಗುತ್ತದೆ, ಅದರ ಜೊತೆ ಪಕ್ಕದ ಮೇಜಿನವರ ನೋಟವೂ.

ಮಾಂಸದ ಮಾತು ಬಂದರೆ ಈ ಜಿಲ್ಲೆ ತಲೆಯೆತ್ತಿ ಕೂರುತ್ತದೆ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ಕುರಿ, ಹೊರಗಿನವರ ಬಾಯಲ್ಲಿ ಬನ್ನೂರು ಕುರಿ, ರುಚಿಗೆ ಹೆಸರಾದ ತಳಿ. ನಾಟಿ ಕೋಳಿ ಸಾರು, ಬೋಟಿ, ತಲೆಮಾಂಸ, ಕೈಮ ಉಂಡೆ ಇಲ್ಲಿಯ ಹಬ್ಬದಡುಗೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ, ಅತಿಥಿಗಳಿಗೆ ಬಾಡೂಟ ಬಡಿಸದೆ ಇದೆಂಥ ಮಂಡ್ಯದ ಸತ್ಕಾರ ಎಂಬ ಕೂಗೆದ್ದು, ಗೋಷ್ಠಿಗಳಿಗಿಂತ ಊಟದ ಚರ್ಚೆಯೇ ಜೋರಾಯಿತು. ಸಾಹಿತ್ಯ ಪ್ರೇಮಿಗಳು ಬೇಸರಿಸಿಕೊಂಡರು. ಆದರೆ ಪ್ರಶ್ನೆ ನ್ಯಾಯವಾದದ್ದೇ: ಮನೆಗೆ ಬಂದವರಿಗೆ ಹಾಕುವ ಎಲೆಗೂ ಮೈಕಿನ ಮುಂದೆ ಹಾಕುವ ಎಲೆಗೂ ಯಾಕೆ ವ್ಯತ್ಯಾಸ? ಪ್ರವಾಸಿ ಹೋಟೆಲುಗಳು ಇದೇ ಪ್ರಶ್ನೆಯನ್ನು ಹಾಕಿಕೊಳ್ಳಬಹುದಿತ್ತು.

ಮೀನಿಗೆ ಬಲಮುರಿ, ಕೆಆರ್‌ಎಸ್ ಕಡೆಗೆ ಹೋಗಬೇಕು. ಕಣ್ಣೆದುರಿಗೇ ಮಸಾಲೆ ಸವರಿ ಕರಿದುಕೊಡುವ ತಳ್ಳುಗಾಡಿಗಳ ಮುಂದೆ ಭಾನುವಾರ ಜಾತ್ರೆ. ಕಾಟ್ಲಾ, ಗೆಂಡೆ, ಜಿಲೇಬಿ ಎಂದು ಹೆಸರು ಹೇಳುತ್ತಾರೆ. ಅಣೆಕಟ್ಟೆಯ ಹಿನ್ನೀರಿನ ಮೀನೇ ಎಂದು ಎಲ್ಲರೂ ಆಣೆ ಇಡುತ್ತಾರೆ. ಹಸಿಮೀನಿನ ಕಿವಿರು ಕೆಂಪಗಿದ್ದರೆ ಆಣೆಯ ಅಗತ್ಯವಿಲ್ಲ, ಎಣ್ಣೆ ಕಪ್ಪಗಿದ್ದರೆ ಆಣೆಯಿಂದ ಪ್ರಯೋಜನವಿಲ್ಲ. ಇಲ್ಲಿಯ ದೊಡ್ಡ ಕೊರತೆ ರುಚಿಯದಲ್ಲ. ತಿಂದವರು ಮುಳ್ಳು, ತಟ್ಟೆ, ಬಾಟಲಿಗಳನ್ನು ಎಸೆಯುವುದು ಆ ಮೀನು ಬಂದ ನೀರಿಗೇ. ಇದರ ತಪ್ಪು ಮಾರುವವರಿಗಿಂತ ತಿನ್ನುವವರದ್ದು ಹೆಚ್ಚು.

ಶ್ರೀರಂಗಪಟ್ಟಣದ ನದಿದಂಡೆಯಲ್ಲಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ರಿವರ್ ವ್ಯೂ ಇದೆ. ಕೂರುವ ಜಾಗಕ್ಕೆ ಅಂಕ ಕೊಡುವುದಾದರೆ ಅದಕ್ಕೇ ಮೊದಲ ಸ್ಥಾನ. ಹರಿಯುವ ಕಾವೇರಿಯನ್ನು ನೋಡುತ್ತ ಕಾಫಿ ಕುಡಿಯುವ ಸುಖವನ್ನು ಯಾವ ಮೆಸ್ಸೂ ಕೊಡಲಾರದು.

ಸಸ್ಯಾಹಾರಿಗಳು ಮೇಲುಕೋಟೆಯ ಬೆಟ್ಟ ಹತ್ತಬೇಕು. ಅದೂ ಪಾಂಡವಪುರ ತಾಲ್ಲೂಕೇ. ಚೆಲುವನಾರಾಯಣನ ಬೀದಿಗಳಲ್ಲಿ ಅಯ್ಯಂಗಾರರ ಕೈಯ ಪುಳಿಯೋಗರೆ, ಸಕ್ಕರೆ ಪೊಂಗಲು ದೊನ್ನೆಯಲ್ಲಿ ಸಿಗುತ್ತವೆ. ಹುಣಸೆಯ ಗೊಜ್ಜನ್ನು ಎಣ್ಣೆ ಬಿಡುವವರೆಗೆ ಕುದಿಸಿ, ಬೆಲ್ಲ, ಮೆಣಸು, ಎಳ್ಳಿನ ಪುಡಿ ಕೂಡಿಸಿದ ಈ ಅನ್ನ ಬಿಸಿಯಾಗಿರಬೇಕಿಲ್ಲ. ಕಲಸಿಟ್ಟು ಹೊತ್ತಾದಷ್ಟೂ ಹುಳಿ ಅನ್ನಕ್ಕೆ ಇಳಿಯುತ್ತದೆ. ಪ್ರವಾಸದ ಊಟಕ್ಕೆ ಇದಕ್ಕಿಂತ ಯೋಗ್ಯವಾದದ್ದು ಇಲ್ಲ, ಬಹುಶಃ ಇದು ಹುಟ್ಟಿದ್ದೇ ಯಾತ್ರಿಕನ ಬುತ್ತಿಗಾಗಿ. ಇನ್ನು ನಾಗಮಂಗಲದ ಕಡೆ ಸಾಗಿದರೆ ಆದಿಚುಂಚನಗಿರಿ ಮಠದ ಅನ್ನದಾಸೋಹ. ಅಲ್ಲಿ ಪಂಕ್ತಿಯಲ್ಲಿ ಕೂತವರಿಗೆ ಬಿಲ್ಲು ಬರುವುದಿಲ್ಲ, ಹಾಗಾಗಿ ವಿಮರ್ಶೆಯ ಹಕ್ಕೂ ಇಲ್ಲ.

ಮೆಸ್ಸುಗಳನ್ನು ಹೊಗಳುವಾಗ ಒಂದು ಮಾತನ್ನು ನುಂಗಬಾರದು. ಮಧ್ಯಾಹ್ನದ ಹೊತ್ತು ಒಳಗೆ ಇಣುಕಿದರೆ ಕೂತವರೆಲ್ಲ ಬಹುಪಾಲು ಗಂಡಸರು. ಬೆಂಚು ಇಕ್ಕಟ್ಟು, ಕೈತೊಳೆಯುವ ಜಾಗ ಹಿತ್ತಲಲ್ಲಿ, ಶೌಚಾಲಯದ ಮಾತು ಎತ್ತುವಂತಿಲ್ಲ. ಹೆಂಡತಿ ಮಕ್ಕಳೊಡನೆ ಬಂದವರು ಫ್ಯಾಮಿಲಿ ರೂಮಿನ ಬೋರ್ಡು ನೋಡಿ ಮತ್ತೆ ಪನೀರಿನ ಕಡೆಗೇ ಹೋಗುವುದು ರುಚಿಗೇಡಿತನದಿಂದಲ್ಲ, ಅನಿವಾರ್ಯದಿಂದ. ಈ ಅಡುಗೆಯ ಕೈಗಳು ಮನೆಮನೆಯ ಹೆಂಗಸರವು. ಅದೇ ಅಡುಗೆ ಪೇಟೆಗೆ ಬಂದಾಗ ಅವರು ಕೂತು ಉಣ್ಣುವ ಜಾಗವೇ ಇಲ್ಲ. ಸ್ವಸಹಾಯ ಗುಂಪಿನ ಮಹಿಳೆಯರೇ ನಡೆಸುವ ‘ಅಕ್ಕ ಕೆಫೆ’ಗಳನ್ನು ರಾಜ್ಯ ಸರ್ಕಾರ ಶುರುಮಾಡಿದೆ. ದರಿಯಾ ದೌಲತ್‌ನ ಹತ್ತಿರ ಅಂಥದ್ದೊಂದು ತೆರೆದು, ನಾಲ್ಕು ಬಗೆ ಸಾರು, ಹಿಟ್ಟು, ಒತ್ತು ಶಾವಿಗೆ-ಕಾಯಿಹಾಲು, ಕಾಲಕ್ಕೆ ಗಂಜಾಂ ಅಂಜೂರ ಇಟ್ಟರೆ, ದ್ವೀಪದ ಊಟ ದ್ವೀಪಕ್ಕೆ ಮರಳೀತು.

ಅಲ್ಲಿಯವರೆಗೆ ಹೋಗುವವರಿಗೊಂದು ಸೂಚನೆ. ದೇವಸ್ಥಾನ, ಗುಂಬಜ್ ಎರಡನ್ನೂ ಬೇಗ ಮುಗಿಸಿ, ಒಂದು ಗಂಟೆಯೊಳಗೆ ಮೆಸ್ ಸೇರಿಕೊಳ್ಳಿ. ಎರಡೂವರೆಗೆ ಹೋಗಿ ಹಿಟ್ಟು ಕೇಳಿದರೆ ‘ಖಾಲಿ ಸಾ, ಅನ್ನ ಐತೆ’ ಎನ್ನುತ್ತಾರೆ.