ಮಾತಾಡದ ಪೈಲ್ವಾನನನ್ನು ನೋಡುವ ಬಗೆ

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಬರುವುದು ಜನವರಿಯಲ್ಲಿ. ತೇರು, ಅಂಗಡಿ ಸಾಲು, ಮಿಠಾಯಿ ಎಲ್ಲ ಮುಗಿಸಿಕೊಂಡು ಜನ ಕುಸ್ತಿ ಕಣದ ಕಡೆ ನಡೆಯುತ್ತಾರೆ. ಈ ಕಣಕ್ಕೆ ಮೊದಲ ಸಲ ಬರುವ ಈಗಿನ ಹುಡುಗರು ಕುಸ್ತಿಯನ್ನೇ ಕಾಣದವರಲ್ಲ. ಮೊಬೈಲಿನಲ್ಲಿ ಅಮೆರಿಕದ ಡಬ್ಲ್ಯೂಡಬ್ಲ್ಯೂಇ ನೋಡಿ ಪಳಗಿದವರು. ಅಲ್ಲಿ ಪೈಲ್ವಾನ ಮೊದಲು ಮೈಕ್ ಹಿಡಿಯುತ್ತಾನೆ, ಎದುರಾಳಿಯನ್ನು ಹತ್ತು ನಿಮಿಷ ಹೀಗಳೆಯುತ್ತಾನೆ, ಕೈ ಹಾಕುವುದು ಆಮೇಲೆ. ನಮ್ಮ ಕಣದಲ್ಲಿ ಅರ್ಧ ಗಂಟೆ ಕೂತರೆ ಅವರಿಗೆ ಬೇಸರ. 'ಇವ್ರು ಏನೂ ಮಾತಾಡಂಗಿಲ್ಲೇನ್ರಿ?' ಎಂದು ಪಕ್ಕದವರನ್ನು ಕೇಳುತ್ತಾರೆ.

ಮಾತಾಡುವುದಿಲ್ಲ. ಮಾತಿಲ್ಲದ ಆ ಕುಸ್ತಿಯನ್ನು ನೋಡುವ ಬಗೆ ಹೇಗೆಂದು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಅಮೆರಿಕದ ಕುಸ್ತಿಯ ಅಭಿಮಾನಿಗಳಲ್ಲಿ ಬಹಳ ದಿನದಿಂದ ಒಂದು ಚರ್ಚೆ ಇದೆ. ಜಪಾನಿನಿಂದ ಅಲ್ಲಿಗೆ ಹೋಗುವ ಹಲವು ಪೈಲ್ವಾನರಿಗೆ ಇಂಗ್ಲಿಷ್ ಬಾರದು. ಮೈಕ್ ಮುಂದೆ ಮಾತಾಡಲು ಬಾರದವನು ಆ ಜನರ ಮನಸ್ಸು ಗೆಲ್ಲಬಲ್ಲನೇ? ಮನಸ್ಸು ಗೆಲ್ಲಲು ಮೈಕ್ ಬೇಕಿಲ್ಲ, ಅದು ಬೇಕಾಗುವುದು ಬೇರೆ ಕಾರಣಕ್ಕೆ ಎಂಬುದು ನನ್ನ ಖಚಿತ ನಂಬಿಕೆ. ಗಡಿನಾಡಿನ ಮಣ್ಣಿನ ಕಣದಲ್ಲಿ ನಾಲ್ಕು ಕುಸ್ತಿ ನೋಡಿದವರಿಗೆ ಇದು ತಾನಾಗಿಯೇ ತಿಳಿಯುತ್ತದೆ.

ನಮ್ಮ ಸೀಮೆಯ ಸ್ಥಿತಿ ನೋಡಿ. ಹೈದರಾಬಾದಿನಿಂದ ಸೋಲಾಪುರ, ಪುಣೆಗೆ ಹೋಗುವ ಹೆದ್ದಾರಿ ಹುಮನಾಬಾದಿನ ಮೇಲೆಯೇ ಹಾಯುತ್ತದೆ. ಬಸವಕಲ್ಯಾಣ ದಾಟಿ ಸ್ವಲ್ಪ ಹೋದರೆ ಮಹಾರಾಷ್ಟ್ರ. ಇತ್ತ ಜಹೀರಾಬಾದಿನ ದಿಕ್ಕಿಗೆ ತೆಲಂಗಾಣ. ಕಣದ ಸುತ್ತ ಕೂತವರಲ್ಲಿ ಕನ್ನಡದವರು, ಮರಾಠಿಯವರು, ದಖನಿ ಉರ್ದುವಿನವರು, ತೆಲುಗಿನವರು ಎಲ್ಲ ಇರುತ್ತಾರೆ. ಲಂಗೋಟಿ ಬಿಗಿದು ಇಳಿಯುವವರು ಉದಗೀರ, ಲಾತೂರ, ಸೋಲಾಪುರ, ಕೊಲ್ಹಾಪುರದ ಕಡೆಯಿಂದಲೂ ಬರುತ್ತಾರೆ. ಇಂಥ ಕಡೆ ಪೈಲ್ವಾನ ಯಾವ ಭಾಷೆಯಲ್ಲಿ ಜಂಬ ಕೊಚ್ಚಬೇಕು? ಆದ್ದರಿಂದ ಅವನು ಹೇಳುವುದನ್ನೆಲ್ಲ ಮೈಯಲ್ಲೇ ಹೇಳುತ್ತಾನೆ.

ಮೊದಲ ಸೂಚನೆ: ಬೇಗ ಬನ್ನಿ. ದೊಡ್ಡ ಹೆಸರಿನ ಜೋಡಿ ಸಂಜೆಗೆ ಎಂದು ತಡವಾಗಿ ಬರುವವರಿಗೆ ಅರ್ಧ ಆಟ ಕೈತಪ್ಪುತ್ತದೆ. ಶುರುವಾಗುವುದು ತೆಂಗಿನಕಾಯಿ ಕುಸ್ತಿಯಿಂದ, ಅಂದರೆ ಗೆದ್ದ ಪುಟ್ಟ ಹುಡುಗನ ಕೈಗೆ ಒಂದು ತೆಂಗಿನಕಾಯಿ. ಹುಡುಗರಿಗೆ ಮುಚ್ಚಿಡಲು ಬರುವುದಿಲ್ಲ. ಪಟ್ಟು ಹಾಕುವ ಮೊದಲೇ ಕಣ್ಣು ಆ ಕಾಲಿನ ಮೇಲೆ ಬಿದ್ದಿರುತ್ತದೆ, ಹೆದರಿಕೆಯಾದರೆ ಮೊಣಕಾಲು ನೆಟ್ಟಗಾಗುತ್ತದೆ. ದೊಡ್ಡವರು ಮರೆಮಾಚುವುದನ್ನೆಲ್ಲ ಇವರಲ್ಲಿ ತೆರೆದಂತೆ ಓದಬಹುದು. ನಿಮ್ಮ ಕಣ್ಣಿಗೆ ಇವರೇ ಮೊದಲ ಪಾಠ.

ಪೈಲ್ವಾನ ಇಳಿಯುವಾಗ ಅವನ ಸಲಾಮಿ ನೋಡಿ. ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾನೆ, ನಾಲ್ಕೂ ದಿಕ್ಕಿಗೆ ಕೈ ಮುಗಿಯುತ್ತಾನೆ, ತೊಡೆ ತಟ್ಟುತ್ತಾನೆ. ಹೊರಗಿನಿಂದ ಬಂದವನಿಗೆ ಇದು ಬಹಳ ದೊಡ್ಡ ಕ್ಷಣ. ಊರ ಹಿರಿಯರ ಕಾಲು ಮುಟ್ಟಿ ಕಣಕ್ಕೆ ಇಳಿದವನು ಊರಿನ ಹುಡುಗನನ್ನೇ ಕೆಡವಿದರೂ ಜನ ಶಾಬ್ಬಾಸ್ ಅನ್ನುತ್ತಾರೆ. ಮಣ್ಣು ಮುಟ್ಟದೆ ಎದೆ ಉಬ್ಬಿಸಿ ನಿಂತವನಿಗೆ ಎಷ್ಟು ಗೆದ್ದರೂ ಆ ಉದ್ಗಾರ ಸಿಗುವುದಿಲ್ಲ. ಈಚಿನ ವರ್ಷಗಳಲ್ಲಿ ಬೆಳಗಾವಿ, ಕೊಲ್ಹಾಪುರದ ಮೈದಾನಗಳಿಗೆ ಇರಾನಿನ ಪೈಲ್ವಾನರೂ ಬರುತ್ತಿದ್ದಾರೆ. ಕನ್ನಡವೂ ಮರಾಠಿಯೂ ಅವರಿಗೆ ದೂರ. ಆದರೂ ಕೆಮ್ಮಣ್ಣು ಹಣೆಗೆ ಹಚ್ಚಿಕೊಂಡು ನಿಂತರೆ ಜನಕ್ಕೆ ಬೇರೆ ಪರಿಚಯ ಬೇಕಾಗುವುದಿಲ್ಲ.

ಈಗ ಖಡಾಖಡಿ. ಹೊಸಬರು ಬೇಸರಪಡುವುದು ಇಲ್ಲಿಯೇ, ರಸಿಕರು ಮುಂದಕ್ಕೆ ಬಾಗಿ ಕೂರುವುದೂ ಇಲ್ಲಿಯೇ. ಇಬ್ಬರೂ ಹಣೆಗೆ ಹಣೆ ಹಚ್ಚಿ ನಿಂತಿರುತ್ತಾರೆ, ಒಬ್ಬನ ಕೈ ಇನ್ನೊಬ್ಬನ ಕುತ್ತಿಗೆಯ ಹಿಂದೆ. ಮೇಲ್ನೋಟಕ್ಕೆ ಏನೂ ನಡೆಯುತ್ತಿಲ್ಲ. ನೀವು ಆ ಕುತ್ತಿಗೆ ಮೇಲಿನ ಕೈಯನ್ನು ನೋಡಿ. ಅದು ಸುಮ್ಮನೆ ಇಟ್ಟ ಕೈಯಲ್ಲ, ಇಡೀ ಮೈಯ ಭಾರವನ್ನು ಎದುರಾಳಿಯ ತಲೆಯ ಮೇಲೆ ಹೇರುತ್ತಿರುತ್ತದೆ. ಅದನ್ನು ತಾಳಲಾರದೆ ಅವನು ತಲೆ ಎತ್ತಿದನೋ, ಬೆನ್ನು ನೆಟ್ಟಗಾಗುತ್ತದೆ. ಬೆನ್ನು ನೆಟ್ಟಗಾದರೆ ಕಾಲು ಮುಂದೆ ಸಿಗುತ್ತದೆ. ಆ ಕ್ಷಣಕ್ಕಾಗಿಯೇ ಕಾದಿದ್ದವನು ಕೆಳಗೆ ನುಗ್ಗಿ ಎರಡೂ ಕಾಲು ಸೆಳೆದು ಪಟ ಎಂಬ ಪಟ್ಟು ಹಾಕುತ್ತಾನೆ. ತಲೆ ಎತ್ತದೆ ಇನ್ನೂ ಬಗ್ಗಿದರೆ, ಆ ಬಗ್ಗಿದ ಭಾರವನ್ನೇ ಎಳೆದುಕೊಂಡು ಹಿಂದೆ ಸರಿದು ಅವನ ಬೆನ್ನ ಮೇಲೆ ಸವಾರಿ ಏರುತ್ತಾನೆ. ಒಂದು ಒತ್ತಡ, ಎರಡು ಉತ್ತರ, ಎರಡಕ್ಕೂ ಮೊದಲೇ ಸಿದ್ಧವಾದ ಪಟ್ಟು. ಇದನ್ನು ಕಂಡುಕೊಂಡ ಮೇಲೆ ಐದು ನಿಮಿಷದ ಖಡಾಖಡಿ ಉದ್ದ ಅನ್ನಿಸುವುದಿಲ್ಲ.

ಮಣ್ಣು ಎರಚುವುದನ್ನೂ ಗಮನಿಸಿ. ಬೆವರಿದ ತೋಳು ಜಾರುತ್ತದೆ, ಹಿಡಿತ ನಿಲ್ಲುವುದಿಲ್ಲ. ಹಾಗಾಗಿ ಪೈಲ್ವಾನ ಒಂದು ಹಿಡಿ ಮಣ್ಣು ತೆಗೆದು ಎದುರಾಳಿಯ ಬೆನ್ನಿಗೆ, ಕುತ್ತಿಗೆಗೆ ಉಜ್ಜುತ್ತಾನೆ. ಅವನು ಬೇಡ ಅನ್ನುವುದಿಲ್ಲ, ತಾನೂ ಒಂದು ಹಿಡಿ ಇವನಿಗೆ ಹಚ್ಚುತ್ತಾನೆ. ನನ್ನನ್ನು ಚೆನ್ನಾಗಿ ಹಿಡಿ, ನಾನೂ ಹಿಡಿಯುತ್ತೇನೆ ಎಂಬ ಒಪ್ಪಂದ ಅದು, ನಾಲಿಗೆ ಅಲ್ಲಾಡದೆ ಆದದ್ದು.

ಮೈಕ್ ಇಲ್ಲವೇ ಇಲ್ಲ ಎಂದುಕೊಳ್ಳಬೇಡಿ. ಇದೆ, ಆದರೆ ಅದು ಹೆಸರು ಕೂಗುವವರ ಕೈಯಲ್ಲಿ. ಈ ಪೈಲ್ವಾನ ಯಾವ ತಾಲೀಮಿನವನು ಅಂದರೆ ಯಾವ ಗರಡಿಯವನು, ಯಾವ ಉಸ್ತಾದನ ಶಿಷ್ಯ, ಕಳೆದ ವರ್ಷ ಯಾರನ್ನು ಚಿತ್ ಮಾಡಿದ, ಯಾರು ಎಷ್ಟು ಇನಾಮು ಸಾರಿದರು ಎಂಬುದೆಲ್ಲ ಕನ್ನಡ, ಮರಾಠಿ, ಹಿಂದಿ ಕಲೆಸಿ ಹರಿಯುತ್ತದೆ. ಅದರ ಜೊತೆಗೆ ಹಲಗೆ ವಾದ್ಯ. ಜೋಡಿ ಸುತ್ತುತ್ತಿರುವಾಗ ಹಲಗೆಯ ಪೆಟ್ಟು ನಿಧಾನ, ಒಬ್ಬ ಸವಾರಿ ಏರಿದಾಗ ಬಿರುಸು. ಕಣ್ಣು ಬೇರೆಡೆ ಹೋಗಿದ್ದರೂ ಹಲಗೆ ಬಿರುಸಾಯಿತೆಂದರೆ ತಕ್ಷಣ ಕಣದ ಕಡೆ ತಿರುಗಿ. ಅಂದರೆ ನಮ್ಮ ಕುಸ್ತಿಯಲ್ಲಿ ಮಾತು ಕಡದ ಸರಕು. ಬೇರೆಯವರು ಪೈಲ್ವಾನನ ಪರವಾಗಿ ಆಡಬಹುದು. ಆದರೆ ಖಡಾಖಡಿಯನ್ನು ಅವನ ಪರವಾಗಿ ಯಾರೂ ಆಡಲಾಗದು.

ಕುಸ್ತಿಯನ್ನು ರುಚಿಯಿಂದ ನೋಡುವುದನ್ನು ಈ ನೆಲ ತೀರ ಹಿಂದೆಯೇ ಬರೆದಿಟ್ಟಿದೆ. ಇಂದಿನ ಬಸವಕಲ್ಯಾಣ ಆಗಿನ ಕಲ್ಯಾಣ, ಚಾಲುಕ್ಯರ ರಾಜಧಾನಿ. 12ನೇ ಶತಮಾನದಲ್ಲಿ ಅಲ್ಲಿ ಆಳಿದ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಅಧ್ಯಾಯವೇ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸುವುದು, ಅವರ ವ್ಯಾಯಾಮ, ಅರಮನೆಯಿಂದ ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಮೇಲ್ತರದ ಸಿಹಿ ಒದಗಿಸುವುದು, ಪಟ್ಟುಗಳ ಹೆಸರು, ಎಲ್ಲವೂ ಅಲ್ಲಿವೆ. ದೊರೆ ಅದನ್ನು ವಿನೋದಗಳ ಸಾಲಿಗೆ ಸೇರಿಸಿದ್ದು ನನಗೆ ಬಹಳ ಮುಖ್ಯವೆನಿಸುತ್ತದೆ. ಕಾದಾಡುವವರಿಗೆ ತಾಲೀಮು ಬೇಕಾದ ಹಾಗೆ ನೋಡುವವರಿಗೂ ತಿಳಿವಳಿಕೆ ಬೇಕೆಂಬ ಎಣಿಕೆ ಅಲ್ಲಿದೆ. ಇವತ್ತಿಗೂ ಜೋಡಿ ಹಚ್ಚುವ ಹಿರಿಯರು ಇಬ್ಬರು ಹುಡುಗರನ್ನು ಅಕ್ಕಪಕ್ಕ ನಿಲ್ಲಿಸಿ ಭುಜ, ತೊಡೆ ನೋಡಿಯೇ ಹೂಂ ಅನ್ನುವುದು.

ಇನ್ನು ಕಡಲಾಚೆಯ ಮಾತು. ಭಾಷೆ ಬಾರದ ನಾಡಿನಲ್ಲಿ ನಮ್ಮವನೊಬ್ಬ ಮನಸ್ಸು ಗೆದ್ದ ಹಳೆಯ ಕಥೆಯೂ ಇದೆ. 1910ರಲ್ಲಿ ಗಾಮಾ ಪೈಲ್ವಾನ ಲಂಡನ್ನಿಗೆ ಹೋದಾಗ ಎತ್ತರ ಸಾಲದೆಂದು ಪಂದ್ಯಕ್ಕೆ ಸೇರಿಸಿಕೊಳ್ಳಲಿಲ್ಲ. ಯಾವ ತೂಕದವರೇ ಆಗಲಿ, ಮೂವರನ್ನು 30 ನಿಮಿಷದಲ್ಲಿ ಕೆಡವುತ್ತೇನೆ ಎಂಬ ಸವಾಲು ಅವನ ಹೆಸರಿನಲ್ಲಿ ಹೊರಟಿತು. ಸೆಡ್ಡು ಅವನದು, ಸಾರಿದವರು ಬೇರೆಯವರು. ಅಮೆರಿಕದ ಬೆಂಜಮಿನ್ ರೋಲರನನ್ನು ಕೆಡವಿದ ಮೇಲೆ ಸೆಪ್ಟೆಂಬರ್ 10ರಂದು ಪೋಲೆಂಡಿನ ಜ್ಬಿಸ್ಕೊ ಎದುರಾದ. ಆ ಭಾರೀ ದೇಹದವನು ಎರಡು ಗಂಟೆಗೂ ಮಿಕ್ಕಿ ಚಾಪೆಗೆ ಅಂಟಿಕೊಂಡು ಮಲಗಿ ಸೋಲು ತಪ್ಪಿಸಿಕೊಂಡ. ಮತ್ತೆ ಗೊತ್ತಾದ ದಿನ ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಸಿಕ್ಕಾಗ ಗಾಮಾ ಒಂದು ನಿಮಿಷದೊಳಗೆ ಅವನನ್ನು ಕೆಡವಿದ.

ಅಮೆರಿಕದ ಟಿವಿ ಕುಸ್ತಿ ಬೇರೆ ಜಾತಿಯದು. ಸೋಲು ಗೆಲುವು ಮೊದಲೇ ಗೊತ್ತುಮಾಡಿದ ಆಟ ಅದು, ನಮ್ಮ ಬಯಲಾಟದ ಬಂಧು. ಬಯಲಾಟ ಎಂದ ಮಾತ್ರಕ್ಕೆ ಕೀಳಲ್ಲ, ನನಗೆ ಅದೂ ಇಷ್ಟ. ಅಲ್ಲಿಯೂ ಮಾತು ಕಡ ಸಿಗುತ್ತದೆ. 1989ರಲ್ಲಿ ಜಪಾನಿನ ಗ್ರೇಟ್ ಮುಟಾ ಅಮೆರಿಕದಲ್ಲಿ ಆಡಿದಾಗ ಅವನ ಪರವಾಗಿ ಮಾತಾಡಿದವನು ಗ್ಯಾರಿ ಹಾರ್ಟ್. ಮುಖಕ್ಕೆ ಬಣ್ಣ, ಬಾಯಿಂದ ಹಸಿರು ಮಂಜು, ಹಗ್ಗದ ಮೇಲಿಂದ ಹಿಮ್ಮುಖ ಪಲ್ಟಿ. ಖಳನೆಂದು ತಂದು ನಿಲ್ಲಿಸಿದವನಿಗೆ ಜನ ಚಪ್ಪಾಳೆ ತಟ್ಟಿದರು. ನಮ್ಮ ಹಿಮಾಚಲದ ದಲೀಪ್ ಸಿಂಗ್ ರಾಣಾ 2006ರಲ್ಲಿ ಗ್ರೇಟ್ ಖಲಿಯಾಗಿ ಹೋದಾಗ ಮೈಕ್ ಹಿಡಿದವನು ದೈವಾರಿ. ಮರುವರ್ಷ ಜುಲೈಯಲ್ಲಿ ಖಲಿ ವರ್ಲ್ಡ್ ಹೆವಿವೇಟ್ ಚಾಂಪಿಯನ್.

ಕಡ ತಂದ ಮಾತೂ ಇಲ್ಲದೆ ಗೆದ್ದವನು ಜಪಾನಿನ ಕೆಂಟಾ ಕೊಬಾಶಿ. 2005ರ ಅಕ್ಟೋಬರ್ 1ರಂದು ನ್ಯೂಯಾರ್ಕಿನಲ್ಲಿ ಅಮೆರಿಕದ ಪೈಲ್ವಾನ ಸಮೋವಾ ಜೋ ಜೊತೆ ಅವನದೊಂದು ಕುಸ್ತಿ ನಡೆಯಿತು. ಇಬ್ಬರೂ ಎದುರುಬದುರು ನಿಂತು ಬರಿಗೈಯಲ್ಲಿ ಒಬ್ಬರ ಎದೆಗೆ ಒಬ್ಬರು ಬಾರಿಸುತ್ತಾರೆ, ಹಿಂದೆ ಸರಿಯುವುದು ಯಾರೆಂದು ಇಡೀ ಸಭೆ ಕಾಯುತ್ತದೆ. ಜಪಾನಿನ ಕ್ಯಾಸೆಟ್ಟುಗಳನ್ನು ತರಿಸಿಕೊಂಡು ನೋಡಿ ಕಣ್ಣು ಪಳಗಿಸಿಕೊಂಡಿದ್ದ ರಸಿಕರು ಅಲ್ಲಿದ್ದರು. ಅವನಿಗೆ ಅಷ್ಟು ಸಾಕಾಯಿತು.

ಹಾಗಾದರೆ ಮೈಕ್ ಯಾಕೆ ಬೇಕು? ಅವರ ಕುಸ್ತಿ ವಾರವಾರ ಟಿವಿಯಲ್ಲಿ ನಡೆಯಬೇಕು, ಅದಕ್ಕೆ. ಈ ವಾರದ ಜಗಳವನ್ನು ಮುಂದಿನ ವಾರಕ್ಕೆ ದಾಟಿಸಲು ಮೈ ಸಾಲದು, ಮಾತು ಬೇಕು. 2018ರ ಜನವರಿ 28ರಂದು ಡಬ್ಲ್ಯೂಡಬ್ಲ್ಯೂಇಯ ರಾಯಲ್ ರಂಬಲ್ ಪಂದ್ಯಗಳನ್ನು ಗೆದ್ದ ಇಬ್ಬರೂ ಜಪಾನಿನವರು: ಗಂಡಸರಲ್ಲಿ ಶಿನ್‌ಸುಕೆ ನಕಮುರಾ, ಹೆಂಗಸರಲ್ಲಿ ಅಸುಕಾ. ನಕಮುರಾ ಬರುವಾಗ ನುಡಿಯುವ ಪಿಟೀಲಿನ ರಾಗವನ್ನು ಸಾವಿರಾರು ಜನ ಬಾಯಲ್ಲೇ ಹಾಡುತ್ತಿದ್ದರು. ಅಸುಕಾ ಅಲ್ಲಿಗೆ ಹೋದಾಗಿನಿಂದ ಒಂದು ಸಲವೂ ಸೋತಿರಲಿಲ್ಲ. ಮನಸ್ಸು ಗೆದ್ದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಅದೇ ವರ್ಷದ ಏಪ್ರಿಲ್‌ನ ರೆಸಲ್‌ಮೇನಿಯಾ ಮೇಳದಲ್ಲಿ ಇಬ್ಬರನ್ನೂ ಸೋಲಿಸಲಾಯಿತು. ಸೋಲು ಗೆಲುವು ಬರೆಯುವವರು ಮಾತು ಬಲ್ಲವರನ್ನೇ ತುದಿಯಲ್ಲಿ ಕೂರಿಸಲು ಇಷ್ಟಪಡುತ್ತಾರೆ ಎಂದು ನನಗನ್ನಿಸುತ್ತದೆ. ಅದು ಅವರ ಕೊರತೆ, ಪೈಲ್ವಾನರದ್ದಲ್ಲ. ಸೋತ ಮೇಲೆ ನಕಮುರಾ ಮಾಡಿದ್ದು ನೋಡಿ: ಪ್ರಶ್ನೆ ಕೇಳಿದವರಿಗೆಲ್ಲ ಇಂಗ್ಲಿಷ್ ಬರುವುದಿಲ್ಲ ಎಂದು ಇಂಗ್ಲಿಷಿನಲ್ಲೇ ನಾಲ್ಕು ಮಾತಾಡಿ ನಕ್ಕು ನಡೆದ, ಆ ಮಾತು ಅಂಗಿಯ ಮೇಲೂ ಅಚ್ಚಾಯಿತು. ಅಸುಕಾ ಮೈಕ್ ಹಿಡಿದು ಜಪಾನಿ ಭಾಷೆಯಲ್ಲೇ ಒಂದೇ ಉಸಿರಿಗೆ ಕೂಗಾಡಿದಳು. ಅರ್ಥವಾಗದಿದ್ದರೂ ಜನ ಕುಣಿದರು, ಯಾಕೆಂದರೆ ಸಿಟ್ಟು ಅರ್ಥವಾಗಿತ್ತು.

ಕೊಬಾಶಿಯ ಆ ಕುಸ್ತಿಯನ್ನು ಮೊಬೈಲಿನಲ್ಲಿ ಹುಡುಕಿ, ದನಿ ಪೂರ್ತಿ ನಿಲ್ಲಿಸಿ ಒಮ್ಮೆ ನೋಡಿ. ಯಾರು ದಣಿದರು, ಯಾರು ಹಟ ಹಿಡಿದರು ಎಂಬುದು ದನಿಯಿಲ್ಲದೆಯೂ ತಿಳಿಯಬೇಕು. ಅಷ್ಟು ಅಭ್ಯಾಸವಾದ ಮೇಲೆ ಕಣಕ್ಕೆ ಬನ್ನಿ.

ಕಣದಲ್ಲಿ ನಿಮ್ಮ ಬಾಯಿಗೂ ಕೆಲಸವಿದೆ. ಖಡಾಖಡಿ ನಡೆಯುತ್ತಿರುವಾಗ 'ಜೋಡಿ ಬಿಡಸ್ರಿ' ಎಂದು ಕೂಗಬೇಡಿ, ಅದಕ್ಕಿಂತ ದೊಡ್ಡ ಅವಮಾನ ಪೈಲ್ವಾನನಿಗೆ ಬೇರೆ ಇಲ್ಲ. ಊರು ಕೇಳಿ, ಜಾತಿ ಕೇಳಿ ಚಪ್ಪಾಳೆ ತಟ್ಟಬೇಡಿ. ಪಟ್ಟಿನಿಂದ ಬಿಡಿಸಿಕೊಂಡವನಿಗೂ ಪಟ್ಟು ಹಾಕಿದವನಷ್ಟೇ ಜೋರಾಗಿ ಶಾಬ್ಬಾಸ್ ಅನ್ನಿ. ಬೆಳ್ಳಿ ಕಡಗ ಬಹುಮಾನದ ಕುಸ್ತಿ ಕಡೆಗೆ ಬರುತ್ತದೆ, ಅಲ್ಲಿಯವರೆಗೆ ಜಾಗ ಬಿಟ್ಟು ಏಳಬೇಡಿ. ಗೆದ್ದವನು ಸುತ್ತು ಬಂದಾಗ ಕೈಲಾದಷ್ಟು ಇನಾಮು ಕೊಡಿ. ಸೋತವನು ಚೆನ್ನಾಗಿ ಆಡಿದ್ದರೆ ಕಣದಂಚಿಗೆ ಹೋಗಿ ಅವನ ಕೈಗೂ ಒಂದಿಷ್ಟು ಕೊಟ್ಟು, ಯಾವ ತಾಲೀಮು ಎಂದು ವಿಚಾರಿಸಿಕೊಂಡು ಬನ್ನಿ.