ಮೂಲಕಾರಣದ ಪಾಠ: ಫಂಕ್ಷನಲ್ ಮೆಡಿಸಿನ್ ತರಬೇತಿಯ ಒಂದು ವಿಮರ್ಶೆ

ದೀರ್ಘಕಾಲ ಕಾಡುವ ಕಾಯಿಲೆಗಳ ವಿಷಯದಲ್ಲಿ ಆಧುನಿಕ ವೈದ್ಯಪದ್ಧತಿಯ ಮೇಲೆ ಹಿಂದಿನಿಂದಲೂ ಇರುವ ಆಕ್ಷೇಪವೆಂದರೆ, ಅದು ರೋಗಕ್ಕೆ ಹೆಸರಿಟ್ಟು ಆ ಹೆಸರಿಗೆ ತಕ್ಕ ಗುಳಿಗೆ ಬರೆದುಕೊಡುತ್ತದೆಯೇ ಹೊರತು, ಈ ರೋಗ ಈ ವ್ಯಕ್ತಿಗೇ ಈ ವಯಸ್ಸಿನಲ್ಲೇ ಏಕೆ ಬಂತು ಎಂದು ಕೇಳುವುದಿಲ್ಲ ಎಂಬುದು. ಆ ಪ್ರಶ್ನೆಯನ್ನು ಕೇಳುವ ಕ್ರಮವನ್ನೇ ವೈದ್ಯರಿಗೆ ಕಲಿಸಬೇಕೆಂದು ಜೀವರಸಾಯನ ವಿಜ್ಞಾನಿ ಜೆಫ್ರಿ ಬ್ಲ್ಯಾಂಡ್ ಮತ್ತು ಅವರ ಪತ್ನಿ ಸೂಸನ್ ಬ್ಲ್ಯಾಂಡ್ 1991ರಲ್ಲಿ ಅಮೆರಿಕದಲ್ಲಿ ‘ಇನ್‌ಸ್ಟಿಟ್ಯೂಟ್ ಫಾರ್ ಫಂಕ್ಷನಲ್ ಮೆಡಿಸಿನ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅಂಗಗಳನ್ನು ಬಿಡಿಬಿಡಿಯಾಗಿ ನೋಡದೆ ದೇಹದ ಕಾರ್ಯವ್ಯವಸ್ಥೆಗಳು ಎಲ್ಲಿ ಹಳಿ ತಪ್ಪಿವೆ ಎಂದು ಹುಡುಕಿ, ಪ್ರತಿ ರೋಗಿಗೂ ಅವನಿಗೆ ಮಾತ್ರ ಹೊಂದುವ ಚಿಕಿತ್ಸೆಯನ್ನು ರೂಪಿಸುವುದು ಈ ಪದ್ಧತಿಯ ಪ್ರತಿಜ್ಞೆ. ವೈದ್ಯರಲ್ಲದೆ ದಾದಿಯರು, ಆಹಾರತಜ್ಞರು, ಕೈರೋಪ್ರಾಕ್ಟರುಗಳು ಕೂಡ ಇದರ ತರಗತಿಗಳಿಗೆ ಬರುತ್ತಾರೆ. ಹಂತಹಂತದ ಪಾಠಗಳನ್ನು ಮುಗಿಸಿ ಪರೀಕ್ಷೆ ಬರೆದವರಿಗೆ ಪ್ರಮಾಣಪತ್ರ ದೊರೆಯುತ್ತದೆ. ರೋಗಿಗಳಲ್ಲಿ ಇದಕ್ಕೆ ದೊರೆತ ಮನ್ನಣೆ ದೊಡ್ಡದು, ವೈದ್ಯಕೀಯ ಸಂಘಗಳಲ್ಲಿ ಎದ್ದ ಅನುಮಾನವೂ ಅಷ್ಟೇ ದೊಡ್ಡದು. ಎರಡಕ್ಕೂ ಕಾರಣ ಈ ತರಬೇತಿಯ ಒಳಗೇ ಇದೆ.

ತರಬೇತಿಯ ಕೇಂದ್ರದಲ್ಲಿರುವುದು ಎರಡು ನಮೂನೆಗಳು. ಮೊದಲನೆಯದು ‘ಮ್ಯಾಟ್ರಿಕ್ಸ್’ ಎಂದು ಕರೆಯುವ ಒಂದು ಹಾಳೆಯ ಚೌಕಟ್ಟು. ಅದರಲ್ಲಿ ಜೀರ್ಣ ಮತ್ತು ಹೀರಿಕೆ, ರಕ್ಷಣೆ ಮತ್ತು ದುರಸ್ತಿ, ಶಕ್ತಿ ಉತ್ಪಾದನೆ, ವಿಷವಸ್ತುಗಳ ವಿಲೇವಾರಿ, ಸಾಗಣೆ, ಹಾರ್ಮೋನು ಮತ್ತು ನರಗಳ ಮೂಲಕ ನಡೆಯುವ ಸಂವಹನ, ದೇಹರಚನೆಯ ಭದ್ರತೆ ಎಂಬ ಏಳು ವಿಭಾಗಗಳಿದ್ದು, ನಡುವೆ ಮನಸ್ಸು, ಭಾವನೆ ಮತ್ತು ಅಧ್ಯಾತ್ಮಕ್ಕೆ ಜಾಗವಿರುತ್ತದೆ. ಕೆಳಗಿನ ಸಾಲಿನಲ್ಲಿ ನಿದ್ರೆ, ವ್ಯಾಯಾಮ, ಆಹಾರ, ಒತ್ತಡ, ಸಂಬಂಧಗಳು ಎಂಬ ಐದು ಅಂಶಗಳು ಬರುತ್ತವೆ. ಎರಡನೆಯದು ಕಾಲರೇಖೆ. ರೋಗಿಯ ಬದುಕನ್ನು ಅವನು ಹುಟ್ಟುವುದಕ್ಕಿಂತ ಹಿಂದಿನಿಂದ ಇಂದಿನವರೆಗೆ ಒಂದು ಗೆರೆಯ ಮೇಲೆ ಬರೆದು, ಅದರಲ್ಲಿ ರೋಗಕ್ಕೆ ನೆಲ ಹದ ಮಾಡಿದ ಪೂರ್ವಸ್ಥಿತಿ ಯಾವುದು, ರೋಗವನ್ನು ಕೆರಳಿಸಿದ ಪ್ರಚೋದಕ ಯಾವುದು, ಬಂದ ರೋಗವನ್ನು ಹೋಗಗೊಡದೆ ಉಳಿಸಿಕೊಂಡಿರುವ ಪೋಷಕ ಯಾವುದು ಎಂದು ವಿಂಗಡಿಸುವುದು ವಿದ್ಯಾರ್ಥಿಯ ಕೆಲಸ.

ಈ ಕಾಲರೇಖೆ ತುಂಬುವ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಕೀಲುನೋವು ಮತ್ತು ಸುಸ್ತು ಎಂದು ಬಂದ ನಲವತ್ತು ದಾಟಿದ ಹೆಂಗಸೊಬ್ಬರ ಕಾಲರೇಖೆಯಲ್ಲಿ ತಾಯಿಗಿದ್ದ ಥೈರಾಯ್ಡ್ ತೊಂದರೆ, ಬಾಲ್ಯದಲ್ಲಿ ಗಂಟಲು ಕೆಟ್ಟಾಗಲೆಲ್ಲ ನುಂಗಿದ ಆ್ಯಂಟಿಬಯಾಟಿಕ್, ಎರಡನೆಯ ಹೆರಿಗೆಯ ನಂತರ ಏರಿದ ತೂಕ, ಪ್ರವಾಸವೊಂದರಲ್ಲಿ ಆದ ವಾಂತಿಭೇದಿ, ತಂದೆಯ ಸಾವು, ರಾತ್ರಿಪಾಳಿಯ ಕೆಲಸ ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ಹತ್ತು ನಿಮಿಷದ ಹೊರರೋಗಿ ವಿಭಾಗದಲ್ಲಿ ಇವುಗಳಲ್ಲಿ ಒಂದೋ ಎರಡೋ ಸಂಗತಿ ಹೊರಬಂದರೆ ಹೆಚ್ಚು. ತರಬೇತಿ ಪಡೆದ ವೈದ್ಯ ಈ ಕಥೆಯನ್ನು ಬರೆದುಕೊಂಡು, ಮತ್ತೆ ರೋಗಿಗೇ ಓದಿಹೇಳಿ, ಅದು ಸರಿಯೇ ಎಂದು ಕೇಳಬೇಕು ಎಂಬುದು ಪಾಠದ ಒಂದು ಭಾಗ. ಹೀಗೆ ಕೇಳಿಸಿಕೊಂಡ ರೋಗಿಗೆ ಆಗುವ ನೆಮ್ಮದಿ ಹುಸಿಯಲ್ಲ. ರೋಗಚರಿತ್ರೆ ಪಡೆಯುವ ಕಲೆಯನ್ನು ಇಷ್ಟು ಕ್ರಮಬದ್ಧವಾಗಿ ಕಲಿಸುವ ಪ್ರಯತ್ನ ಮುಖ್ಯವಾಹಿನಿಯ ಕಾಲೇಜುಗಳಲ್ಲೂ ಅಪರೂಪವೆಂಬುದನ್ನು ಒಪ್ಪಲೇಬೇಕು.

ತೊಡಕು ಶುರುವಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ಗೆರೆಯ ಮೇಲೆ ಹಿಂದೆ ಬಂದದ್ದು ಮುಂದೆ ಬಂದದ್ದಕ್ಕೆ ಕಾರಣವಾಗಿ ಕಾಣತೊಡಗುತ್ತದೆ. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸಂಬಂಧ ಕಟ್ಟಬಾರದೆಂಬ ಎಚ್ಚರಿಕೆಯನ್ನು ಕಾಕತಾಳೀಯ ನ್ಯಾಯವೆಂಬ ಹೆಸರಿನಲ್ಲಿ ಭಾರತೀಯ ತರ್ಕ ಬಹಳ ಹಿಂದೆಯೇ ಗುರುತಿಸಿದೆ. ವಾಂತಿಭೇದಿ ಆದದ್ದೂ ನಿಜ, ಮೂರು ತಿಂಗಳ ನಂತರ ಕೀಲು ಊದಿದ್ದೂ ನಿಜ. ಕರುಳಿನ ಕೆಲವು ಸೋಂಕುಗಳ ಬೆನ್ನಿಗೆ ಕೀಲುಬಾವು ಬರುವುದುಂಟು ಎಂಬುದೂ ನಿಜ. ಆದರೂ ಈ ಒಬ್ಬ ರೋಗಿಯಲ್ಲಿ ಹಾಗೆಯೇ ಆಯಿತೆಂದು ತೀರ್ಮಾನಿಸಲು ಕಥೆ ಸಾಲದು.

ಕಾಲರೇಖೆಯನ್ನು ಹುಟ್ಟಿಗಿಂತ ಹಿಂದಿನಿಂದ ಎಳೆಯಬೇಕೆಂಬ ನಿಲುವಿಗೆ ಗಟ್ಟಿಯಾದ ಆಧಾರವೇನೋ ಇದೆ, ಮತ್ತು ಅದರ ಒಂದು ಭಾಗ ದೊರೆತದ್ದು ಮೈಸೂರಿನಲ್ಲಿ. ಊರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ಜನನತೂಕವನ್ನು ದಾಖಲಿಸಿದ ಪುಸ್ತಕಗಳು ಉಳಿದಿದ್ದವು. ಅಲ್ಲಿ 1934ರಿಂದ 1954ರ ನಡುವೆ ಹುಟ್ಟಿದವರಲ್ಲಿ 517 ಮಂದಿಯನ್ನು ನಡುವಯಸ್ಸಿನಲ್ಲಿ ಪತ್ತೆಹಚ್ಚಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟುವಾಗ 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11ರಷ್ಟು ಮಂದಿಗೆ ಹೃದಯದ ರಕ್ತನಾಳಗಳ ರೋಗವಿದ್ದರೆ, 3.1 ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ಅದು ಶೇ. 3ರಷ್ಟಿತ್ತು. ಗರ್ಭದಲ್ಲಿ ಆದ ಕೊರತೆ ನಾಲ್ಕೈದು ದಶಕಗಳ ನಂತರ ಎದೆಯಲ್ಲಿ ಕಾಣಿಸಿಕೊಳ್ಳಬಹುದು ಎಂಬ ವಾದಕ್ಕೆ ಇದು ಬಲ ತಂದಿತು. ಆದರೆ ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ಸಂಬಂಧ ತಿಳಿದುಬಂದದ್ದು ಒಬ್ಬ ರೋಗಿಯ ಜೀವನಕಥೆಯಿಂದಲ್ಲ. ನೂರಾರು ಜನರ ತೂಕವನ್ನು, ಅವರಿಗೆ ರೋಗ ಬರುತ್ತದೆಯೋ ಇಲ್ಲವೋ ಎಂಬುದು ಯಾರಿಗೂ ತಿಳಿಯದಿದ್ದ ಕಾಲದಲ್ಲಿ ಸೂಲಗಿತ್ತಿಯರು ಬರೆದಿಟ್ಟದ್ದರಿಂದ. ಕಾಲರೇಖೆಯ ತರಬೇತಿ ಮೊದಲನೆಯದನ್ನು ಕಲಿಸುತ್ತದೆ, ಎರಡನೆಯದರ ಶಿಸ್ತನ್ನು ಕಲಿಸುವುದಿಲ್ಲ.

ಆ ಶಿಸ್ತಿನ ಕೊರತೆ ಎದ್ದು ಕಾಣುವುದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ. ಮ್ಯಾಟ್ರಿಕ್ಸಿನ ಏಳೂ ವಿಭಾಗಗಳನ್ನು ಜಾಲಾಡಬೇಕೆಂದರೆ ಪರೀಕ್ಷೆಗಳ ಪಟ್ಟಿ ಉದ್ದವಾಗುವುದು ಸಹಜ. ಪ್ರಯೋಗಾಲಯಗಳು ಸಾಮಾನ್ಯ ಮಿತಿಯನ್ನು ಗೊತ್ತುಮಾಡುವಾಗ ಆರೋಗ್ಯವಂತರಲ್ಲೇ ನೂರಕ್ಕೆ ಐವರು ಆ ಮಿತಿಯ ಹೊರಗೆ ಬೀಳುವಂತೆ ಇಟ್ಟುಕೊಳ್ಳುವುದು ವಾಡಿಕೆ. ಆದ್ದರಿಂದ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಮಾಡಿಸಿದ ಆರೋಗ್ಯವಂತನಿಗೂ ಕನಿಷ್ಠ ಒಂದು ಫಲಿತಾಂಶ ಕೆಂಪಕ್ಷರದಲ್ಲಿ ಬರುವ ಸಾಧ್ಯತೆ ಶೇ. 64ರಷ್ಟು. ಕೆಂಪಕ್ಷರ ಕಂಡ ಕೂಡಲೇ ಮೂಲಕಾರಣ ಸಿಕ್ಕಿತು ಎಂಬ ಭಾವನೆ ವೈದ್ಯನಿಗೂ ರೋಗಿಗೂ ಒಟ್ಟಿಗೇ ಬರುತ್ತದೆ. ಈ ವಲಯದಲ್ಲಿ ಬಳಕೆಯಲ್ಲಿರುವ ಆಹಾರ ಅಸಹಿಷ್ಣುತೆಯ ರಕ್ತಪರೀಕ್ಷೆ ಇನ್ನೂ ಸ್ಪಷ್ಟವಾದ ನಿದರ್ಶನ. ಗೋಧಿ, ಹಾಲು, ಮೊಟ್ಟೆ ಮುಂತಾದವುಗಳ ವಿರುದ್ಧ ಐಜಿಜಿ ಎಂಬ ಬಗೆಯ ಪ್ರತಿಕಾಯಗಳಿವೆಯೇ ಎಂದು ಅದು ನೋಡುತ್ತದೆ. ಅಂಥ ಪ್ರತಿಕಾಯ ಇದೆಯೆಂದರೆ ಆ ವ್ಯಕ್ತಿ ಆ ಆಹಾರವನ್ನು ತಿಂದಿದ್ದಾನೆ ಎಂದಷ್ಟೇ ಅರ್ಥ, ಅದು ಒಗ್ಗದೆಂದಲ್ಲ ಎಂದು ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ ಹೇಳಿತು. ದಿನವೂ ಹಾಲು ಕುಡಿಯುವವನಿಗೆ ಹಾಲು ಬೇಡವೆಂದು ಹೇಳಲು ಇಷ್ಟು ದುಬಾರಿ ದಾರಿ ಬೇಕಿರಲಿಲ್ಲ.

ಪರೀಕ್ಷೆಗಳ ಹಿಂದೆಯೇ ಪೂರಕ ಗುಳಿಗೆಗಳು ಬರುತ್ತವೆ. ಸಂಸ್ಥೆಯ ಸ್ಥಾಪಕ ಜೆಫ್ರಿ ಬ್ಲ್ಯಾಂಡ್ ಅವರೇ ಪೂರಕಗಳನ್ನು ತಯಾರಿಸುವ ಮೆಟಾಜೆನಿಕ್ಸ್ ಕಂಪನಿಯ ಮುಖ್ಯ ವಿಜ್ಞಾನಾಧಿಕಾರಿಯಾಗಿ ಹಲವು ವರ್ಷ ದುಡಿದವರು ಎಂಬುದು ಗುಟ್ಟಿನ ಸಂಗತಿಯೇನಲ್ಲ. ಇದರಿಂದ ಪಾಠವೆಲ್ಲ ಸುಳ್ಳಾಗುವುದಿಲ್ಲ. ಔಷಧ ಕಂಪನಿಗಳ ಹಣದಿಂದ ನಡೆಯುವ ಸಮ್ಮೇಳನಗಳಿಗೆ ಹೋಗುವ ವೈದ್ಯರು ಈ ವಿಷಯದಲ್ಲಿ ಬೆರಳು ತೋರುವುದು ಅಷ್ಟು ಶೋಭಿಸುವುದೂ ಇಲ್ಲ. ಆದರೆ ಔಷಧ ಕಂಪನಿಗಳ ಪ್ರಭಾವದಿಂದ ಬಿಡಿಸಿಕೊಂಡೆವೆಂದು ಹೇಳಿಕೊಳ್ಳುವ ಪದ್ಧತಿಯನ್ನು ಅದೇ ಅಳತೆಗೋಲಿನಿಂದ ಅಳೆಯುವುದು ನ್ಯಾಯ.

ಕಂಡುಕೊಂಡ ಕಾರಣ ನಿಜವೇ ಎಂದು ಪರೀಕ್ಷಿಸುವ ಬಗೆ ಇಲ್ಲವೆಂದಲ್ಲ. ಆಯುರ್ವೇದದ ನಿದಾನಪಂಚಕದಲ್ಲಿ ನಿದಾನ, ಪೂರ್ವರೂಪ, ರೂಪ, ಸಂಪ್ರಾಪ್ತಿಗಳ ಜೊತೆಗೆ ಉಪಶಯವೆಂಬ ಅಂಗವೊಂದಿದೆ. ಔಷಧ, ಆಹಾರ, ವಿಹಾರಗಳನ್ನು ಕೊಟ್ಟುನೋಡಿ, ಯಾವುದರಿಂದ ಸುಖವಾಯಿತು ಎಂಬುದರ ಮೇಲೆ ರೋಗವನ್ನು ನಿರ್ಣಯಿಸುವ ಕ್ರಮ ಅದು. ಫಂಕ್ಷನಲ್ ಮೆಡಿಸಿನ್ನಿನ ವರ್ಜನ ಆಹಾರಕ್ರಮದಲ್ಲೂ ಇದರ ಛಾಯೆಯಿದೆ: ಕೆಲವು ವಾರ ಅನುಮಾನದ ಆಹಾರಗಳನ್ನೆಲ್ಲ ಬಿಡಿಸಿ, ನಂತರ ಒಂದೊಂದನ್ನಾಗಿ ಮರಳಿ ಸೇರಿಸಿ ನೋಡುತ್ತಾರೆ. ಆದರೆ ಏನನ್ನು ತಿನ್ನುತ್ತಿದ್ದೇನೆಂದು ರೋಗಿಗೆ ಗೊತ್ತಿದ್ದಾಗ ಅವನ ನಿರೀಕ್ಷೆಯೇ ಫಲಿತಾಂಶವನ್ನು ಬದಲಿಸಬಲ್ಲದು. ಇದಕ್ಕೆ ಪರಿಹಾರವಾಗಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಗೋರ್ಡನ್ ಗಯಟ್ ಮತ್ತು ಸಂಗಡಿಗರು 1986ರಲ್ಲಿ ಏಕರೋಗಿ ಪ್ರಯೋಗವನ್ನು ವಿವರಿಸಿದರು: ಒಬ್ಬನೇ ರೋಗಿಗೆ ನಿಜವಾದ ಔಷಧವನ್ನೂ ಹುಸಿ ಗುಳಿಗೆಯನ್ನೂ ಸರದಿಯ ಮೇಲೆ, ಯಾವುದು ಯಾವಾಗ ಎಂದು ರೋಗಿಗೂ ವೈದ್ಯನಿಗೂ ತಿಳಿಯದಂತೆ ಕೊಟ್ಟು ಹೋಲಿಸುವುದು. 2020ರಲ್ಲಿ ಪ್ರಕಟವಾದ ಸ್ಯಾಮ್ಸನ್ ಪ್ರಯೋಗದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆಯನ್ನು ಅಡ್ಡಪರಿಣಾಮವಾಯಿತೆಂದು ಬಿಟ್ಟಿದ್ದ 60 ಮಂದಿಗೆ ವರ್ಷವಿಡೀ ನಾಲ್ಕು ತಿಂಗಳು ಸ್ಟ್ಯಾಟಿನ್, ನಾಲ್ಕು ತಿಂಗಳು ಹುಸಿ ಗುಳಿಗೆ, ನಾಲ್ಕು ತಿಂಗಳು ಖಾಲಿ ಶೀಶೆಯನ್ನು ಯಾದೃಚ್ಛಿಕ ಕ್ರಮದಲ್ಲಿ ಕೊಟ್ಟರು. ಸ್ಟ್ಯಾಟಿನ್‌ನಿಂದ ಬಂದ ತೊಂದರೆಯಲ್ಲಿ ಶೇ. 90ರಷ್ಟು ಹುಸಿ ಗುಳಿಗೆಯಿಂದಲೂ ಬಂದಿತ್ತು. ತಮ್ಮದೇ ಅಂಕಿಗಳನ್ನು ನೋಡಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಔಷಧ ಶುರುಮಾಡಿದರು. ವ್ಯಕ್ತಿಯೊಬ್ಬನಿಗೆ ಮಾತ್ರ ಸಲ್ಲುವ ಸತ್ಯವನ್ನು ಕಂಡುಹಿಡಿಯುವುದೆಂದರೆ ಇದು. ವೈಯಕ್ತಿಕ ಚಿಕಿತ್ಸೆಯ ಹೆಸರು ಹೇಳುವ ತರಬೇತಿಯಲ್ಲಿ ಈ ವಿಧಾನಕ್ಕೆ ಮೊದಲ ಮಣೆ ಸಲ್ಲಬೇಕಾಗಿತ್ತು.

ವಂಶವಾಹಿಗಳ ಆಧಾರದ ಮೇಲೆ ನಡೆಯುವ ನಿಖರ ಚಿಕಿತ್ಸೆಯೊಂದಿಗೆ ಹೋಲಿಸಿದರೆ, ಕಾರಣವನ್ನು ಊಹಿಸುವುದಕ್ಕೂ ಪರೀಕ್ಷಿಸಿ ತಿಳಿಯುವುದಕ್ಕೂ ಇರುವ ವ್ಯತ್ಯಾಸ ಇನ್ನಷ್ಟು ತಿಳಿಯಾಗುತ್ತದೆ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್ ಕೆಲವರಲ್ಲಿ ಚರ್ಮ ಸುಲಿದುಹೋಗುವ ಮಾರಕ ಪ್ರತಿಕ್ರಿಯೆಯನ್ನು ತರುತ್ತದೆ; ಎಚ್‌ಎಲ್‌ಎ-ಬಿ 1502 ಎಂಬ ವಂಶವಾಹಿ ರೂಪಾಂತರ ಉಳ್ಳವರಿಗೆ ಆ ಅಪಾಯ ಹೆಚ್ಚು, ಮತ್ತು ಆ ರೂಪಾಂತರ ಏಷ್ಯಾದ ಜನರಲ್ಲಿ ಹೆಚ್ಚಾಗಿ ಕಾಣುತ್ತದೆ. ತೈವಾನಿನಲ್ಲಿ 4,877 ಜನರನ್ನು ಚಿಕಿತ್ಸೆಗೆ ಮೊದಲೇ ಪರೀಕ್ಷಿಸಿ, ರೂಪಾಂತರವಿದ್ದವರಿಗೆ ಈ ಔಷಧವನ್ನು ಕೊಡದೆ ನೋಡಿದಾಗ ಉಳಿದವರಲ್ಲಿ ಒಬ್ಬರಿಗೂ ಆ ಪ್ರತಿಕ್ರಿಯೆ ಬರಲಿಲ್ಲ ಎಂದು 2011ರಲ್ಲಿ ವರದಿಯಾಯಿತು. ಇಲ್ಲಿ ಪರೀಕ್ಷೆ ಒಂದು, ಅದರಿಂದ ಹೊರಡುವ ನಿರ್ಧಾರವೂ ಒಂದು. ಮೂಲಕಾರಣದ ವೈದ್ಯ ಕೇಳುವ ಪ್ರಶ್ನೆ ಇದಕ್ಕಿಂತ ವಿಶಾಲವೆಂಬುದು ಅವನ ಹಿರಿಮೆ, ಆದರೆ ಉತ್ತರವನ್ನು ತಾಳೆ ನೋಡುವ ದಾರಿ ಅಷ್ಟೇ ಮಬ್ಬು.

ಇಷ್ಟಾಗಿಯೂ ಪದ್ಧತಿಯ ಪರವಾದ ಸಾಕ್ಷ್ಯ ಇಲ್ಲದಿಲ್ಲ. ಕ್ಲೀವ್‌ಲ್ಯಾಂಡ್ ಕ್ಲಿನಿಕ್ 2014ರಲ್ಲಿ ಮಾರ್ಕ್ ಹೈಮನ್ ನೇತೃತ್ವದಲ್ಲಿ ತೆರೆದ ಫಂಕ್ಷನಲ್ ಮೆಡಿಸಿನ್ ಕೇಂದ್ರದ ರೋಗಿಗಳನ್ನು ಅದೇ ಆಸ್ಪತ್ರೆಯ ಕುಟುಂಬ ವೈದ್ಯಕೀಯ ಕೇಂದ್ರದ ರೋಗಿಗಳೊಂದಿಗೆ ಹೋಲಿಸಿದ ಅಧ್ಯಯನ 2019ರಲ್ಲಿ ಹೊರಬಂತು. ರೋಗಿಗಳೇ ಹೇಳಿಕೊಂಡ ದೈಹಿಕ ಆರೋಗ್ಯದ ಅಂಕಗಳಲ್ಲಿ ಗಣನೀಯ ಸುಧಾರಣೆ ಆರು ತಿಂಗಳ ನಂತರ ಮೊದಲನೆಯ ಗುಂಪಿನ ಶೇ. 31 ಮಂದಿಗೂ ಎರಡನೆಯ ಗುಂಪಿನ ಶೇ. 22 ಮಂದಿಗೂ ಆಗಿತ್ತು. ವರ್ಷ ತುಂಬುವಷ್ಟರಲ್ಲಿ ಎರಡೂ ಗುಂಪುಗಳ ನಡುವೆ ಗಣನೀಯ ಅಂತರ ಕಾಣಲಿಲ್ಲ. ಯಾರು ಯಾವ ಕೇಂದ್ರಕ್ಕೆ ಹೋಗಬೇಕೆಂಬುದನ್ನು ಚೀಟಿಯೆತ್ತಿ ನಿರ್ಧರಿಸಿರಲಿಲ್ಲವಾದ್ದರಿಂದ, ಹುರುಪಿನಿಂದ ಹೊಸ ಪದ್ಧತಿ ಅರಸಿ ಬಂದವರ ಹುರುಪೂ ಈ ಅಂಕಗಳಲ್ಲಿ ಸೇರಿದೆ. ಅದೇ ಕೇಂದ್ರದಿಂದ 2021ರಲ್ಲಿ ಬಂದ ಇನ್ನೊಂದು ಅಧ್ಯಯನ ಇದಕ್ಕಿಂತ ಸ್ವಾರಸ್ಯದ್ದು: ವೈದ್ಯರನ್ನು ಒಬ್ಬೊಬ್ಬರಾಗಿ ಕಂಡವರಿಗಿಂತ, ಗುಂಪಾಗಿ ಕೂತು ಆಹಾರ, ನಿದ್ರೆ, ಒತ್ತಡಗಳ ಬಗ್ಗೆ ಒಂದೇ ಪಾಠ ಕೇಳಿದವರಿಗೆ ಮೂರು ತಿಂಗಳಲ್ಲಿ ಹೆಚ್ಚು ಗುಣವಾಗಿತ್ತು, ಖರ್ಚೂ ಕಡಿಮೆಯಾಗಿತ್ತು. ಪ್ರತಿಯೊಬ್ಬರ ಮೂಲಕಾರಣ ಬೇರೆಬೇರೆ ಎಂಬ ಸಿದ್ಧಾಂತಕ್ಕಿಂತ ಎಲ್ಲರಿಗೂ ಹೇಳುವ ಸಾಮಾನ್ಯ ಹಿತವಚನವೇ ಹೆಚ್ಚು ಕೆಲಸ ಮಾಡಿತು ಎಂಬ ಅನುಮಾನಕ್ಕೆ ಇದು ಎಡೆಗೊಡುತ್ತದೆ.

ಈ ಅನುಮಾನದ ಬೇರು ಬ್ರಿಟನ್ನಿನ ರೋಗಪ್ರಸಾರ ವಿಜ್ಞಾನಿ ಜೆಫ್ರಿ ರೋಸ್ 1985ರಲ್ಲಿ ಬರೆದ ಪ್ರಬಂಧದಲ್ಲಿದೆ. ಈ ರೋಗಿಗೆ ಈ ಹೊತ್ತಿನಲ್ಲಿ ಈ ರೋಗ ಏಕೆ ಬಂತು ಎಂಬುದು ಒಂದು ಪ್ರಶ್ನೆ, ಒಂದು ಸಮುದಾಯದಲ್ಲಿ ಆ ರೋಗ ಇಷ್ಟು ಹೆಚ್ಚಾಗಿ ಏಕಿದೆ ಎಂಬುದು ಬೇರೆಯೇ ಪ್ರಶ್ನೆ ಎಂದು ಅವರು ತೋರಿಸಿದರು. ಲಂಡನ್ನಿನ ಸರಕಾರಿ ನೌಕರರ ರಕ್ತದೊತ್ತಡ ಕೆನ್ಯಾದ ಅಲೆಮಾರಿಗಳದಕ್ಕಿಂತ ಒಟ್ಟಾರೆಯಾಗಿಯೇ ಮೇಲಿತ್ತು. ನೌಕರರಲ್ಲಿ ಒಬ್ಬನನ್ನು ಇನ್ನೊಬ್ಬನೊಂದಿಗೆ ಎಷ್ಟು ಹೋಲಿಸಿದರೂ ಆ ಅಂತರದ ಕಾರಣ ಹೊಳೆಯುವುದಿಲ್ಲ. ಉಪ್ಪು, ಅಗ್ಗದ ಎಣ್ಣೆ, ರಾತ್ರಿಪಾಳಿ, ನಡೆಯಲು ಜಾಗವಿಲ್ಲದ ಬೀದಿಗಳು ಮ್ಯಾಟ್ರಿಕ್ಸಿನಲ್ಲಿ ರೋಗಿಯ ‘ಜೀವನಶೈಲಿ’ ಎಂಬ ಸಾಲಿಗೆ ಇಳಿಯುತ್ತವೆ, ಅಂದರೆ ಅವನೇ ತಿದ್ದಿಕೊಳ್ಳಬೇಕಾದ ದೋಷಗಳಾಗುತ್ತವೆ. ಮೂಲಕ್ಕೆ ಇಳಿಯುತ್ತೇನೆನ್ನುವ ಪದ್ಧತಿ ನಿಲ್ಲುವುದು ರೋಗಿಯ ಮನೆಯ ಹೊಸ್ತಿಲಲ್ಲೇ.

ಅಮೆರಿಕದ ಕುಟುಂಬ ವೈದ್ಯರ ಅಕಾಡೆಮಿ 2014ರಲ್ಲಿ ಈ ಪಾಠಗಳಿಗೆ ಮುಂದುವರಿದ ಶಿಕ್ಷಣದ ಅಂಕ ಕೊಡುವುದನ್ನು ನಿಲ್ಲಿಸಿತು; 2018ರಲ್ಲಿ ಪದ್ಧತಿಯನ್ನು ಪರಿಚಯಿಸುವ ಪಾಠಗಳಿಗೆ ಮಾತ್ರ ಅವಕಾಶ ನೀಡಿ, ಅದನ್ನು ಆಚರಿಸಲು ಕಲಿಸುವ ಪಾಠಗಳನ್ನು ಹೊರಗೇ ಇಟ್ಟಿತು. ಈ ವಿಭಜನೆ ಒರಟಾದರೂ ದಿಕ್ಕು ಸರಿಯಾಗಿದೆ. ನಮ್ಮಲ್ಲೂ ಉಪಯುಕ್ತ ಭಾಗವನ್ನಷ್ಟೇ ಆರಿಸಿಕೊಳ್ಳಲು ದಾರಿಯಿದೆ. ಭಾರತದ ಎಂಬಿಬಿಎಸ್ ಪಠ್ಯಕ್ರಮ 2019ರಲ್ಲಿ ಬದಲಾಗಿದ್ದು, ಮುಂದೆ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ಪಡೆದು ಓದಿನುದ್ದಕ್ಕೂ ಗಮನಿಸುವ ಕಾರ್ಯಕ್ರಮವೂ ಅದರಲ್ಲಿ ಸೇರಿದೆ. ಕರ್ನಾಟಕದ ಕಾಲೇಜುಗಳು ಆ ಕುಟುಂಬಗಳ ಕಾಲರೇಖೆಯನ್ನು ವಿದ್ಯಾರ್ಥಿಗಳಿಂದ ಬರೆಸಿ, ಅದರ ಪಕ್ಕದಲ್ಲೇ ಊರಿನ ನೀರು, ದುಡಿಮೆ, ಪಡಿತರಗಳ ಲೆಕ್ಕವನ್ನೂ ಇಡಿಸಿ, ಏಕರೋಗಿ ಪ್ರಯೋಗದ ಕ್ರಮವನ್ನು ಕಲಿಸಲಿ. ಆಹಾರ ಅಸಹಿಷ್ಣುತೆಯ ಪರೀಕ್ಷೆಯನ್ನೂ ಗುಳಿಗೆಗಳ ಕಪಾಟನ್ನೂ ಅಲ್ಲಿಗೆ ತರಬೇಕಾದ ಅಗತ್ಯವಿಲ್ಲ. ಈ ತರಬೇತಿಯಲ್ಲಿ ಪಡೆಯಲು ಯೋಗ್ಯವಾದುದೆಲ್ಲವೂ ಪ್ರಮಾಣಪತ್ರದ ಶುಲ್ಕವಿಲ್ಲದೆ ಕಲಿಯಬಹುದಾದದ್ದೇ ಆಗಿದೆ.