ಸಮುದ್ರಗುಪ್ತನ ಅಶ್ವಮೇಧನಾಣ್ಯದ ಲೇಖವೂ ಅಚ್ಚಿನ ದೋಷಗಳೂ

ಓಲೆಯ ಪ್ರತಿಗಳಲ್ಲಿ ಕವಿಯ ಪಾಠವಾವುದು, ಲಿಪಿಕಾರನ ಪ್ರಮಾದವಾವುದು, ಹುಳು ತಿಂದುದರಿಂದಾದ ಲೋಪವಾವುದು ಎಂಬುದನ್ನು ಬೇರ್ಪಡಿಸಿದಲ್ಲದೆ ಗ್ರಂಥಸಂಪಾದನೆಯು ಸಾಧ್ಯವಿಲ್ಲವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ನಾಣ್ಯಗಳ ಲೇಖವನ್ನು ಓದುವಲ್ಲಿ ಮಾತ್ರ ಈ ವಿವೇಕವು ಅನೇಕವೇಳೆ ಮರೆತುಹೋಗುತ್ತದೆ. ಅಕ್ಷರವು ಕಾಣದೆಡೆಯಲ್ಲಿ ವ್ಯಾಕರಣ ಛಂದಸ್ಸುಗಳ ಬಲದಿಂದ ಪಾಠವನ್ನು ತುಂಬುವುದು ಪಂಡಿತರಿಗೆ ಸುಲಭ. ಅದು ಏಕೆ ಕಾಣದೆಂದು ವಿಚಾರಿಸುವುದು ಕಷ್ಟ. ಇದಕ್ಕೆ ಸಮುದ್ರಗುಪ್ತನ ಅಶ್ವಮೇಧನಾಣ್ಯವು ಉತ್ತಮ ನಿದರ್ಶನವಾಗಿದೆ.

ಯಾಗದ ಸ್ಮಾರಕವಾದ ಈ ಚಿನ್ನದ ನಾಣ್ಯದ ಮುಂಬದಿಯಲ್ಲಿ ಯೂಪದ ಎದುರಿಗೆ ನಿಂತ ಕುದುರೆ. ಯೂಪದ ಮೇಲಿಂದ ಪತಾಕೆಗಳು ಹಾರುತ್ತಿವೆ. ಹಿಂಬದಿಯಲ್ಲಿ ಚಾಮರವನ್ನು ಹಿಡಿದ ಮಹಿಷಿ ಮತ್ತು ‘ಅಶ್ವಮೇಧಪರಾಕ್ರಮಃ’ ಎಂಬ ಬಿರುದು. ಮುಂಬದಿಯ ಅಂಚಿನ ಸುತ್ತಲೂ ಗುಪ್ತಕಾಲದ ಬ್ರಾಹ್ಮೀಲಿಪಿಯಲ್ಲಿ ಒಂದು ಪದ್ಯಾರ್ಧವಿದೆ. ಅದರ ಮೊದಲ ಪಾದವು ಇಂದ್ರವಜ್ರಾ, ಎರಡನೆಯದು ಉಪೇಂದ್ರವಜ್ರಾ.

ಈ ಎರಡನೆಯ ಪಾದದ ಕೊನೆಯ ಪದವನ್ನು ಹಿಂದಿನ ವಿದ್ವಾಂಸರು ‘ಅಪ್ರತಿವಾರ್ಯವೀರ್ಯಃ’ ಎಂದು ಗ್ರಹಿಸಿದ್ದರು. ಲೇಖವು ಸ್ಫುಟವಾಗಿರುವ ಪ್ರತಿಗಳಿಂದ ಅದು ‘ಆಹೃತವಾಜಿಮೇಧಃ’ ಎಂದು ನಿರ್ಣಯವಾಯಿತು. ಎರಡು ಪಾಠಗಳನ್ನೂ ಲಘುಗುರುಗಳಿಗೆ ಒಡ್ಡಿ ನೋಡಿದರೆ ಎರಡೂ ನಿರ್ದುಷ್ಟ. ಅಷ್ಟೇ ಅಲ್ಲ, ಪಾದದ ಎಂಟನೆಯ ಅಕ್ಷರವು ಎರಡರಲ್ಲಿಯೂ ‘ವಾ’ ಎಂದೇ ಇದೆ; ಏಳನೆಯದು ಒಂದರಲ್ಲಿ ‘ತ’, ಇನ್ನೊಂದರಲ್ಲಿ ‘ತಿ’; ಐದನೆಯದು ‘ತ್ಯಾ’ ಅಥವಾ ‘ತ್ಯ’. ಸ್ವರಚಿಹ್ನೆಗಳು ಕಾಣದ ಪ್ರತಿಯೊಂದರಲ್ಲಿ ಈ ಮೂರು ಅಕ್ಷರಗಳು ಮಾತ್ರ ಉಳಿದಿದ್ದರೆ, ಅವು ಎರಡು ಪಾಠಗಳಿಗೂ ಸಮಾನವಾಗಿ ಸಾಕ್ಷ್ಯವನ್ನು ನುಡಿಯುವುವು. ಇಂತಹೆಡೆ ಶಾಸ್ತ್ರವು ಮೌನವನ್ನು ತಾಳುವುದು, ಲೋಹವೇ ಮಾತನಾಡಬೇಕು.

ಲೋಹದ ಮಾತನ್ನು ಅರಿಯಬೇಕಾದರೆ ಟಂಕಸಾಲೆಯ ಕ್ರಮವನ್ನು ನೆನೆಯಬೇಕು. ಕೆಳಗಿನ ಅಚ್ಚಿನ ಮೇಲೆ ಚಿನ್ನದ ಬಿಲ್ಲೆಯನ್ನಿಟ್ಟು, ಅದರ ಮೇಲೆ ಇನ್ನೊಂದು ಅಚ್ಚನ್ನು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಆದುದರಿಂದ ದೋಷಗಳು ಮೂರು ಬಗೆ. ಮೊದಲನೆಯದು ಅಚ್ಚಿನ ದೋಷ: ಕೊರೆದವನ ತಪ್ಪು, ಅಚ್ಚಿನ ಬಿರುಕು, ಅಕ್ಷರದ ಕುಳಿಯಲ್ಲಿ ಕೂಡಿದ ಕಸ. ಅಚ್ಚು ಬಿರಿದರೆ ನಾಣ್ಯದಲ್ಲಿ ಉಬ್ಬಿದ ಗೆರೆ ಮೂಡುವುದು; ಕಸ ತುಂಬಿದರೆ ಅಕ್ಷರವು ಮೂಡದು. ಕೊರೆದವನ ತಪ್ಪು ಆ ಅಚ್ಚಿನ ಎಲ್ಲ ನಾಣ್ಯಗಳಲ್ಲಿಯೂ, ಬಿರುಕು ಬಿರಿದಂದಿನಿಂದ ಮುಂದಿನವುಗಳಲ್ಲಿಯೂ ಅದೇ ಸ್ಥಾನದಲ್ಲಿ ಮರಳಿ ಬರುವುವು. ಎರಡನೆಯದು ಹೊಡೆತದ ದೋಷ: ಬಿಲ್ಲೆ ಸರಿದರೆ ಲೇಖದ ಒಂದು ಭಾಗವು ಅಂಚಿನಾಚೆಗೆ ಹೋಗುವುದು, ಎರಡು ಸಲ ಹೊಡೆದರೆ ಅಕ್ಷರಕ್ಕೆ ನೆರಳೊಂದು ಹುಟ್ಟುವುದು. ಇದು ಆಯಾ ನಾಣ್ಯಕ್ಕೆ ಮಾತ್ರ ಸೇರಿದುದು. ಮೂರನೆಯದು ಬಳಕೆಯ ದೋಷ: ಸವೆತವು ಉಬ್ಬಿದ ಭಾಗಗಳನ್ನು ಮೊದಲು ತಿನ್ನುವುದು, ಗೀರು ಲೋಹದೊಳಕ್ಕೆ ಇಳಿಯುವುದು. ಉಬ್ಬಿದ ಗೆರೆ ಅಚ್ಚಿನದೆಂದೂ ತಗ್ಗಿದ ಗೆರೆ ನಾಣ್ಯದ್ದೆಂದೂ ತಿಳಿಯುವುದು ಪರೀಕ್ಷಕನ ಮೊದಲ ಪಾಠ.

ಅಕ್ಷರದ ತಲೆಯು ಅಂಚಿನ ಕಡೆಗಿದ್ದಲ್ಲಿ, ಬಿಲ್ಲೆ ಕಿರಿದಾದಾಗ ಮೊದಲು ನಷ್ಟವಾಗುವುದು ತಲೆಯ ಮೇಲಣ ಸ್ವರಚಿಹ್ನೆ. ಆಗ ‘ತಿ’ ಎಂಬುದು ‘ತ’ ಎಂದು ತೋರಿದರೆ ಕೊರೆದವನಿಗೆ ಸಂಸ್ಕೃತ ಬಾರದೆಂದು ದೂಷಿಸುವುದು ಅನ್ಯಾಯ. ಹೀಗೆಯೇ ಕುದುರೆಯ ಕೆಳಗಣ ‘ಸಿ’ ಎಂಬ ಒಂಟಿ ಅಕ್ಷರ. ಅದು ಬೇರೆಬೇರೆ ಅಚ್ಚುಗಳ ನಾಣ್ಯಗಳಲ್ಲಿ ಕಾಣುವುದರಿಂದ ಆಕಸ್ಮಿಕವಲ್ಲ, ಬುದ್ಧಿಪೂರ್ವಕವಾದುದು. ಮೊದಲ ಪಾದದಲ್ಲಿ ‘ಅವಿತ್ವಾ’ ಎಂದಿರುವೆಡೆ ‘ವಿಜಿತ್ಯ’ ಎಂಬ ಪಾಠವೂ ಕೆಲವು ನಾಣ್ಯಗಳಲ್ಲಿ ಗುರುತಿಸಲ್ಪಟ್ಟಿದೆ. ಒಂದು ತ್ವಾಂತ, ಒಂದು ಲ್ಯಬಂತ. ಒಂದರಲ್ಲಿ ಭೂಮಿಯನ್ನು ಕಾಪಾಡಿದ ರಾಜ, ಇನ್ನೊಂದರಲ್ಲಿ ಗೆದ್ದ ರಾಜ. ಯಾವ ಹೊಡೆತವೂ ಯಾವ ಸವೆತವೂ ಒಂದನ್ನು ಇನ್ನೊಂದಾಗಿ ಮಾಡಲಾರದು. ಆದಕಾರಣ ಇವು ಎರಡು ಅಚ್ಚುಗಳ ಪಾಠಭೇದಗಳು; ಒಂದನ್ನು ತಿದ್ದಿ ಇನ್ನೊಂದನ್ನಾಗಿಸುವುದು ಸಲ್ಲದು.

ಇಷ್ಟು ಸೂಕ್ಷ್ಮವು ಏಕೆಂದು ಕೇಳಬಹುದು. ಪ್ರಯಾಗದ ಸ್ತಂಭಪ್ರಶಸ್ತಿಯಲ್ಲಿ ಸಮುದ್ರಗುಪ್ತನ ಅಶ್ವಮೇಧದ ಮಾತಿಲ್ಲ. ಅವನ ವಂಶಜರ ಶಾಸನಗಳು ಅವನನ್ನು ಬಹುಕಾಲ ನಿಂತುಹೋಗಿದ್ದ ಅಶ್ವಮೇಧದ ಆಹರ್ತೃವೆಂದು ಕೊಂಡಾಡುತ್ತವೆ. ‘ಅಪ್ರತಿವಾರ್ಯವೀರ್ಯಃ’ ಎಂಬುದು ಯಾವ ಅರಸನಿಗೂ ಒಪ್ಪುವ ಸ್ತುತಿ. ‘ಆಹೃತವಾಜಿಮೇಧಃ’ ಎಂಬುದು ಸಮಕಾಲೀನವಾದ ಸಾಕ್ಷ್ಯ. ಶಾಸನದ ‘ಆಹರ್ತೃ’, ನಾಣ್ಯದ ‘ಆಹೃತ’, ಎರಡೂ ಆಙ್‌ಪೂರ್ವಕವಾದ ಹೃಞ್ ಧಾತುವಿನವು. ಹಿಂಬದಿಯ ಬಿರುದು ಸೂಚಿಸುವುದನ್ನು ಈ ಪದವು ಕಂಠೋಕ್ತವಾಗಿ ಹೇಳುತ್ತದೆ. ಸುಂದರವಾದ ಊಹಾಪಾಠವೊಂದು ಇಂತಹ ಸಾಕ್ಷಿಯ ಬಾಯನ್ನು ಮುಚ್ಚಿತ್ತು.

೧೯೪೬ರಲ್ಲಿ ಭರತಪುರಕ್ಕೆ ಸೇರಿದ ಬಯಾನಾದ ಬಳಿ ಸಾವಿರದ ಎಂಟುನೂರಕ್ಕೂ ಮಿಕ್ಕ ಚಿನ್ನದ ನಾಣ್ಯಗಳ ನಿಧಿಯು ದೊರೆತುದರಿಂದ ಗುಪ್ತರ ನಾಣ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಿನೋಡುವ ಸಾಧನವು ಸಮೃದ್ಧವಾಯಿತು. ಆದುದರಿಂದ ಲೇಖವನ್ನು ಪ್ರಕಟಿಸುವವರು ಕಂಡ ಅಕ್ಷರವನ್ನೂ ಊಹಿಸಿದ ಅಕ್ಷರವನ್ನೂ ಬೇರೆಬೇರೆಯಾಗಿ ತೋರಿಸಬೇಕು. ಕಾಣದುದಕ್ಕೆ ಅಚ್ಚು, ಹೊಡೆತ, ಸವೆತಗಳಲ್ಲಿ ಕಾರಣವಾವುದೆಂದು ಹೇಳಬೇಕು. ಛಂದಸ್ಸು ಅಪಪಾಠವನ್ನು ನಿರಾಕರಿಸಬಲ್ಲುದು. ಸತ್ಪಾಠವನ್ನು ತಾನೊಂದೇ ಸ್ಥಾಪಿಸಲಾರದು.